ಪೋಸ್ಟರಿನಲ್ಲಿ ತೆರೆದ ಬಾಯಿ

ಹೊಸ ಪ್ಲಾಸ್ಟಿಕ್ಕಿನ ವಾಸನೆ, ಆಟಿಕೆ ಅಂಗಡಿಯೊಳಗೆ ತಲೆ ತೂರಿಸಿದ ಹಾಗೆ, ಹೆಲ್ಮೆಟ್ಟು ಹಣೆಯನ್ನು ಒತ್ತುತ್ತಿದೆ, ಗುಲಾಬಿ ಬಣ್ಣದ್ದು, ಗುಲಾಬಿಯೇ ಯಾಕೆ, ಮೇಲಿನಿಂದ ಬೀಳುವ ಕಬ್ಬಿಣಕ್ಕೇನು ಗುಲಾಬಿ ಕಂಡರೆ ಕರುಣೆ ಉಕ್ಕುತ್ತದೆಯೇ, ವೇದಿಕೆ ಇಳಿಯೋ ತನಕ ತೆಗೀಬೇಡಮ್ಮ ಎಂದಿದ್ದಾರೆ ಮ್ಯಾನೇಜರು, ಶಾಲೆಯ ಸಭಾಂಗಣದಲ್ಲಿ ತಲೆಯ ಮೇಲೆ ಬೀಳಲು ಫ್ಯಾನು ಬಿಟ್ಟರೆ ಇನ್ನೇನಿದೆ, ಇತ್ತ ಹೆಡ್‌ಮಿಸ್ಸು ಮೈಕು ಬಿಡುವ ಲಕ್ಷಣವೇ ಇಲ್ಲ — ಹೆಣ್ಣುಮಕ್ಕಳು ವಿಜ್ಞಾನ ಓದಬೇಕು, ಎಂಜಿನಿಯರ್ ಆಗಬೇಕು, ನೋಡಿ ಮಕ್ಕಳೇ, ಕಾಗದದ ಕಾರ್ಖಾನೆಯಲ್ಲಿ ಮನೆಯಷ್ಟೆತ್ತರದ ಯಂತ್ರಗಳನ್ನ ಬೆರಳ ತುದೀಲಿ ಕುಣಿಸೋ ಧೀರೆ ಇವತ್ತು ನಿಮ್ಮ ಮುಂದೆ ಕೂತಿದ್ದಾರೆ — ಕುಣಿಸುತ್ತಾಳಂತೆ, ಅವಳ ಮೈಯೆಲ್ಲ ಉರಿಯಿತು, ಕುಣಿಯುತ್ತಿರುವವಳು ತಾನೇ ಅಲ್ಲವೇ, ಊರಿನ ಶಾಲೆಶಾಲೆಗೂ ಕಂಪನಿಯ ಕಾರಿನಲ್ಲಿ ಕೂರಿಸಿಕೊಂಡು ಬಂದು, ಬಾಮ್ಮ, ನಾಲ್ಕು ಮಾತಾಡಮ್ಮ, ಮಕ್ಕಳಿಗೆ ಸ್ಫೂರ್ತಿ ಕೊಡಮ್ಮ, ಕಾರ್ಖಾನೆಗೆ ವಾಪಸು ಹೋದರೆ ಅದೇ ಕಿಟಕಿ ಪಕ್ಕದ ಮೇಜು, ಯಂತ್ರ ಕೆಟ್ಟಾಗ ಹೊರಗೆ ನಿಂತು ಇಣುಕುವುದು, ಯಾಕೆಂದರೆ ಅವಳಿಗೆ ಬೀಗ ಇಲ್ಲ. ಬೀಗವಿಲ್ಲದವರು ಯಂತ್ರದೊಳಗೆ ಕಾಲಿಡುವ ಹಾಗಿಲ್ಲ, ಅದು ಅಲ್ಲಿನ ಕಟ್ಟಳೆ, ಒಳ್ಳೆಯ ಕಟ್ಟಳೆಯೇ, ಉರುಳೆಗಳ ನಡುವೆ ರಿಪೇರಿಗೆ ಇಳಿಯುವ ಪ್ರತಿಯೊಬ್ಬನೂ ಮೇನ್ ಸ್ವಿಚ್ಚಿಗೆ ತನ್ನ ಹೆಸರಿನ ಕೆಂಪು ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು, ಒಂದೇ ಒಂದು ಬೀಗ ನೇತಾಡುತ್ತಿದ್ದರೂ ಬ್ರಹ್ಮ ಬಂದರೂ ಯಂತ್ರ ತಿರುಗುವುದಿಲ್ಲ, ಮತ್ತೆ ನನಗೊಂದು ಬೀಗ ಕೊಡಿ ಮೇಸ್ತ್ರಿ ಎಂದರೆ, ಬೀಗ ಒಳಗೆ ಇಳಿಯೋರಿಗಲ್ವಾ ತಾಯಿ, ನೀನು ಹೊರಗೆ ನಿಂತು ಹೇಳು ನಾವು ಮಾಡ್ತೀವಿ, ನಾಳೆ ಏನಾದ್ರೂ ಆದ್ರೆ ನಿಮ್ಮಪ್ಪ ಅಮ್ಮಂಗೆ ನಾವೇನು ಹೇಳೋಣ — ಉದ್ದಣ್ಣನ ಅಪ್ಪ ಅಮ್ಮನಿಗೆ ಹೇಳೋದನ್ನ ಬಾಯಿಪಾಠ ಮಾಡ್ಕೊಂಡಿದ್ದೀರಾ, ಎಂದು ಅವಳು ತಿರುಗಿಸಿ ಕೇಳಿದಾಗ ಫಿಟ್ಟರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಉದ್ದಣ್ಣ, ಆ ಗುಂಪಿನಲ್ಲೇ ಎತ್ತರದ ಫಿಟ್ಟರು, ಎಲ್ಲರಿಗಿಂತ ಜೋರಾಗಿ ನಕ್ಕ, ನಕ್ಕು ಚಹ ಕುಡಿದರು, ಬೀಗ ಮಾತ್ರ ಬರಲಿಲ್ಲ. ಇವತ್ತು ಕಾರಿನಲ್ಲಿ ಮ್ಯಾನೇಜರು ಬೆಣ್ಣೆಯಂಥ ದನಿಯಲ್ಲಿ, ಇದೊಂದು ಶಾಲೆ ಚೆನ್ನಾಗಿ ಮಾಡಿಬಿಡಮ್ಮ, ದೊಡ್ಡೋರೆಲ್ಲ ಬರ್ತಾರೆ, ಸೋಮವಾರದಿಂದ ನಿನ್ನನ್ನ ಯಂತ್ರದ ಕೆಲಸಕ್ಕೇ ಹಾಕ್ತೀನಿ, ನಿನ್ನ ಹೆಸರಿಂದೇ ಬೀಗ, ನಾನು ಮಾತು ಕೊಟ್ಟೆ — ಆಸೆ ನಾಚಿಕೆಗೆಟ್ಟದ್ದು, ಕಿವಿ ನೆಟ್ಟಗಾಯಿತು, ಚೆನ್ನಾಗಿ ಮಾಡ್ತೀನಿ ಸರ್ ಎಂದುಬಿಟ್ಟಳು.

ಚೆನ್ನಾಗಿ ಎಂದರೆ ನಗುತ್ತಾ, ಬೆನ್ನ ಹಿಂದಿನ ಆ ಪೋಸ್ಟರಿನ ಹಾಗೆ, ಗೋಡೆಯಗಲದ ಪೋಸ್ಟರು, ಅದರಲ್ಲಿ ಅವಳೇ, ಕೈಯಲ್ಲಿ ಕೆಂಪು ಬೀಗ, ಬಾಯಿ ಕಿವಿಯ ತನಕ ತೆರೆದಿದೆ, ಕೆಳಗೆ ದಪ್ಪ ಅಕ್ಷರ, ಯಂತ್ರದ ಜೊತೆ ಹೆಣ್ಣಿನ ನಗು, ಎಷ್ಟು ಮುದ್ದಾಗಿ ನಕ್ಕಿದೀಯೇ ಎಂದು ಅಮ್ಮ ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ, ಹೆತ್ತವಳಿಗೂ ಗೊತ್ತಾಗಲಿಲ್ಲವೇ, ಅದು ನಗುವಲ್ಲ ಅಮ್ಮ ಎಂದು ಹೇಳಲು ಹೋದರೆ, ಸುಮ್ನಿರೇ, ನಿನ್ನ ಮುಖದಲ್ಲಿ ಇಷ್ಟು ಗೆಲುವು ಯಾವತ್ತು ನೋಡಿದ್ದೆ ನಾನು. ಫೋಟೋ ತೆಗೆಸಿದ ಆ ದಿನ, ರಿಪೇರಿಗೆಂದು ಯಂತ್ರ ನಿಲ್ಲಿಸಿದ್ದರು, ಫೋಟೋದವನು ಕಣ್ಣು ಕಿರಿದು ಮಾಡಿ, ಕೈಯಲ್ಲಿ ಏನಾದ್ರೂ ಬೇಕಲ್ಲ ಸಾರ್, ಆ ಕೆಂಪು ಬೀಗ ಚೆನ್ನಾಗಿದೆ, ಬಣ್ಣ ಎದ್ದು ಕಾಣುತ್ತೆ, ಸ್ವಿಚ್ಚಿನಲ್ಲಿ ನೇತಾಡುತ್ತಿದ್ದದ್ದು ಅದೊಂದೇ ಬೀಗ, ಉದ್ದಣ್ಣನದು, ಕೀಲಿ ತೊಡೆಗೆ ಚುಚ್ಚುತ್ತದೆ ಎಂದು ಅದನ್ನು ಬೀಗದಲ್ಲೇ ಬಿಟ್ಟು ಇಳಿಯುತ್ತಿದ್ದ ಪುಣ್ಯಾತ್ಮ, ಮ್ಯಾನೇಜರೇ ತಮ್ಮ ಕೈಯಾರೆ ಕೀಲಿ ತಿರುಗಿಸಿ, ಬೀಗ ಕಿತ್ತು, ತಗೋಮ್ಮ, ಬೀಗ ಬೀಗ ಅಂತಿದ್ದೆಯಲ್ಲ, ಇಗೋ ನಿನ್ನ ಬೀಗ, ಎಂದು ಅವಳ ಅಂಗೈಯಲ್ಲಿಟ್ಟರು, ಬೀಗ ತಣ್ಣಗಿತ್ತು, ಆಗಲೇ ಅವಳ ಕಣ್ಣಿಗೆ ಬಿದ್ದದ್ದು, ಕೆಳಗಿನೆರಡು ಉರುಳೆಗಳ ಸಂದಿಯಿಂದ ಹೊರಚಾಚಿದ ಎರಡು ಬೂಟು, ಅವನು ಎಲ್ಲಿ ಮಲಗಿದರೂ ಕಾಲು ಹೊರಗೇ, ಅತ್ತ ಸ್ವಿಚ್ಚು ಬರಿದಾದದ್ದನ್ನು ಕಂಡ ಆಪರೇಟರ್ ಕೆಲಸ ಮುಗಿಯಿತೆಂದುಕೊಂಡು ಸ್ವಿಚ್ಚನ್ನು ಮೇಲೆತ್ತಿ ಹಸಿರು ಗುಂಡಿಯ ಕಡೆ ಕೈ ಚಾಚಿದ್ದಾನೆ, ಅವಳು ಕೂಗಿದಳು, ಕರುಳು ಕಿತ್ತು ಬರುವ ಹಾಗೆ ಕೂಗಿದಳು, ಕ್ಲಿಕ್. ಆಪರೇಟರನ ಕೈ ಅಲ್ಲೇ ನಿಂತಿತು, ಅಷ್ಟೇ, ಏನೂ ಆಗಲಿಲ್ವಲ್ಲಮ್ಮ ಬಿಡು ಎಂದರು ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ, ಆಮೇಲೆ ಕ್ಯಾಮೆರಾದೊಳಗೆ ಇಣುಕಿ, ಅರೆ, ಇದರಲ್ಲಿ ಎಷ್ಟು ಸಹಜವಾಗಿ ನಕ್ಕಿದ್ದಾಳೆ ನೋಡ್ರೀ, ಕೆಳಗೆ ಆ ಕಾಲೆರಡು ಕತ್ತರಿಸಿ ಹಾಕಿ.

ಈಗ ಚಪ್ಪಾಳೆ, ಮೈಕು ಅವಳ ಕೈಗೆ ಬಂದಿದೆ, ಮುಂದಿನ ಸಾಲಿನಲ್ಲಿ ಮ್ಯಾನೇಜರು ಎರಡು ಬೆರಳಿಂದ ತಮ್ಮ ತುಟಿ ಅಗಲಿಸಿ ತೋರಿಸುತ್ತಿದ್ದಾರೆ, ನಗಮ್ಮ, ಅವಳು ಶುರುಮಾಡಿದಳು, ಮಕ್ಕಳೇ ಯಂತ್ರಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ, ಎಲ್ಲ ಶಾಲೆಯಲ್ಲೂ ಹೇಳಿದ ಅದೇ ಮಾತು, ನಾಲಿಗೆಗೆ ದಾರಿ ಗೊತ್ತು, ಎತ್ತು ಮನೆಗೆ ನಡೆದ ಹಾಗೆ ನಡೆಯುತ್ತದೆ, ಎದುರಿಗಿರುವ ಈ ಜಡೆಗಳನ್ನೆಲ್ಲ ಬನ್ನಿ ಎಂದು ಯಾವ ಬಾಯಲ್ಲಿ ಕರೆಯುವುದು, ಬರಬೇಡಿ ಎಂದರೆ ಅದು ಮೇಸ್ತ್ರಿಯ ಮಾತೇ ಆಗುತ್ತದೆ, ಅಷ್ಟರಲ್ಲಿ ಮಧ್ಯದ ಸಾಲಿನಲ್ಲೊಂದು ಹುಡುಗಿ ಎದ್ದೇಬಿಟ್ಟಿದೆ, ಟೀಚರು ಲಂಗ ಹಿಡಿದು ಎಳೆಯುತ್ತಿದ್ದಾರೆ, ಪ್ರಶ್ನೆ ಆಮೇಲೆ ಕಣೇ, ಕೂತ್ಕೋ, ಹುಡುಗಿ ಜಗ್ಗುವುದಿಲ್ಲ, ಮೇಡಂ ಆ ಫೋಟೋದಲ್ಲಿ ನೀವು ನಗ್ತಿಲ್ಲ ಅಲ್ವಾ, ಸಭೆಯೆಲ್ಲ ಕಿಸಕ್ಕೆಂದಿತು, ಹುಡುಗಿಗೆ ಅದರ ಗೊಡವೆಯೇ ಇಲ್ಲ, ನನ್ನ ತಮ್ಮ ರಸ್ತೆಗೆ ಓಡಿದ್ರೆ ನಮ್ಮಮ್ಮ ಹಿಂಗೇ ಬಾಯಿ ಮಾಡೋದು, ಯಾರನ್ನ ಕೂಗ್ತಿದ್ರಿ ಮೇಡಂ. ಯಾರನ್ನ, ಇಷ್ಟು ಶಾಲೆಗಳಲ್ಲಿ ಒಬ್ಬರೂ ಕೇಳದ್ದು, ಹೆಡ್‌ಮಿಸ್ಸು, ತುಂಬಾ ತರಲೆ ಇವಳು ಮೇಡಂ, ತಲೆ ಕೆಡಿಸ್ಕೋಬೇಡಿ, ಮ್ಯಾನೇಜರ ನಗು ಹಾಗೇ ಇದೆ, ಕಣ್ಣು ಮಾತ್ರ ಸೋಮವಾರ ಸೋಮವಾರ ಎನ್ನುತ್ತಿದೆ, ಒಂದು ಮಾತು ಸಾಕು, ನಗ್ತಿದ್ದೆ ಪುಟ್ಟಿ, ಅಷ್ಟಂದರೆ ಬೀಗ ತನ್ನದು, ಹೆಸರು ಕೊರೆದ ಬೀಗ, ಒಳಗಿಳಿದು ಉರುಳೆಗೆ ಅಂಗೈ ಊರಬಹುದು, ಹುಡುಗಿ ಇನ್ನೂ ನಿಂತೇ ಇದೆ, ಕೂರುವ ಯೋಚನೆ ಅದಕ್ಕಿಲ್ಲ, ಇದೂ ಒಂದು ದಿನ ಯಾವುದೋ ಯಂತ್ರದೊಳಗೆ ಇಳಿಯುತ್ತದೆ, ಇಳಿಯದೇ ಬಿಡುವ ಜಾತಿಯದಲ್ಲ, ಹೊರಗೆ ಯಾರೋ ಫೋಟೋಗೆಂದು ಇದರ ಬೀಗ ಬಿಚ್ಚುತ್ತಾರೆ — ನಗ್ತಿರ್ಲಿಲ್ಲ ಕಣೇ, ಎಂದಿತು ಮೈಕು, ಅವಳದೇ ದನಿ, ಒಳಗೆ ಮನುಷ್ಯ ಇದ್ದ, ಇವರು ಅವನ ಬೀಗ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ರು, ಕುರ್ಚಿಯೊಂದು ಕರ್ರನೆ ಹಿಂದೆ ಸರಿಯಿತು, ಮ್ಯಾನೇಜರು ಮೆಟ್ಟಿಲು ಹತ್ತುತ್ತಿದ್ದಾರೆ, ಸೋಮವಾರ ಹೋಯಿತು, ಹೋಗಲಿ, ಹುಡುಗಿ ಬಿಡುವುದಿಲ್ಲ, ಆಮೇಲೆ ಅವನಿಗೆ ಏನಾಯ್ತು ಮೇಡಂ, ಏನೂ ಆಗಲಿಲ್ಲ ಎನ್ನಬೇಕು, ಉದ್ದಣ್ಣ ಬದುಕಿದ್ದಾನೆ, ಈಗಲೂ ಜೋರಾಗಿ ನಗುತ್ತಾನೆ, ಹೇಳಬೇಕು, ಬಾಯಿ ತೆರೆದಿದೆ, ಆದರೆ ಆ ಸಂದಿ, ಆ ಎರಡು ಬೂಟು, ಸವೆದ ಅಡಿ, ಎಡಗಾಲಿನ ಹಿಮ್ಮಡಿಗೆ ಅಂಟಿದ ಒದ್ದೆ ಕಾಗದದ ಚೂರು, ಎರಡು ಬೂಟು, ಕೂಗಿದ್ದು ಕೇಳಿಸಿತೋ ಇಲ್ಲವೋ, ಅಲುಗುತ್ತಿಲ್ಲ, ಎರಡು ಬೂಟು.