ಒತ್ತಿ ಹಿಡಿದರೆ ಅಲುಗುವ ಫೋಟೋ

ಆ ಊರಿನ ಅರ್ಧಕ್ಕರ್ಧ ಮುದುಕರು ಅವಳು ಮಾಡಿಕೊಟ್ಟ ಹಲ್ಲಿನಲ್ಲೇ ಅಗಿಯುತ್ತಿದ್ದರು. ಅದಕ್ಕೇ ಅವಳಿಗೆ ಹಲ್ಲಕ್ಕ ಎಂದು ಹೆಸರು ಬಿದ್ದು, ಹುಟ್ಟಿನಿಂದ ಬಂದ ಹೆಸರು ಎಲ್ಲೋ ಮೂಲೆ ಸೇರಿತ್ತು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದ ಒಸಡು ಕೂರಿಸಿ ಹಲ್ಲು ಜೋಡಿಸುವುದು, ಕೊನೆಗೆ ಅಂಚನ್ನೆಲ್ಲ ಉಜ್ಜಿ ನುಣ್ಣಗೆ ಮಾಡುವುದು ಅವಳ ಕಸುಬು. ಅಚ್ಚಿನ ಜೊತೆ ಒಣಗಿದ ಎಂಜಲು ಬರುತ್ತಿತ್ತು, ಒಮ್ಮೊಮ್ಮೆ ರಕ್ತದ ಕಲೆಯೂ ಬರುತ್ತಿತ್ತು. ಹಲ್ಲಕ್ಕ ಒಂದು ದಿನಕ್ಕೂ ಮೂಗು ಮುರಿದವಳಲ್ಲ. "ಬಾಯಿ ಅಂದ್ಮೇಲೆ ಎಂಜಲಿಲ್ದೆ ಇನ್ನೇನು ಗಂಧ ಬರುತ್ತಾ?" ಅನ್ನುತ್ತ ನಲ್ಲಿಯ ಕೆಳಗೆ ಹಿಡಿದು ತೊಳೆಯುವಳು. ಅಂಥವಳಿಗೆ ಹೇಸಿಗೆ ಹುಟ್ಟಿದ್ದು ಅಣ್ಣ ತಂದುಕೊಟ್ಟ ಹೊಸ ಫೋನಿನ ಮೇಲೆ.

ಹಳೆಯ ಫೋನಿನ ಬ್ಯಾಟರಿ ಊದಿಕೊಂಡು ಬೆನ್ನಿನ ಮುಚ್ಚಳ ಬಿರಿದಿತ್ತು. ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಬಳಸುತ್ತಿದ್ದಳು. ಒಂದು ಬೆಳಗ್ಗೆ ಅದು ಪೂರ್ತಿ ಕಣ್ಣು ಮುಚ್ಚಿತು. ಸಂಜೆಯ ಹೊತ್ತಿಗೆ ಅಣ್ಣ ಒಂದು ಬಿಳೀ ಡಬ್ಬಿ ಹಿಡಿದು ವರ್ಕ್‌ಶಾಪಿಗೆ ಬಂದ. ಅವನು ಮನೆ, ಅಂಗಡಿ ಕೊಡಿಸುವ ದಲ್ಲಾಳಿ. ಮಾತಿನಲ್ಲೇ ಮಹಡಿ ಎಬ್ಬಿಸುವವನು.

"ನಮ್ಮ ಕಡೆಯವರದೆಲ್ಲ ಈ ಕಂಪನೀದೇ. ನೀನೊಬ್ಳೇ ಬೇರೆ ಇಟ್ಕೊಂಡು ಕೂತಿದೀಯ" ಅಂದ. "ಗ್ರೂಪ್‌ಗೆ ನೀನು ಕಳ್ಸೋ ಫೋಟೋ ನೋಡೋಕಾಗಲ್ಲ, ಒಳ್ಳೆ ಮಂಜಲ್ಲಿ ತೆಗ್ದಂಗಿರುತ್ತೆ."

"ನಂಗೆ ಫೋನ್ ಬಂದ್ರೆ ಸಾಕಣ್ಣ, ಫೋಟೋ ಕಟ್ಕೊಂಡು ಏನ್ಮಾಡ್ಲಿ?"

"ಸುಮ್ನಿರೇ. ತಂಗಿಗೆ ಒಂದು ಫೋನ್ ಕೊಡಿಸ್ಲಿಲ್ಲ ಅಂತ ಜನ ಆಡ್ಕೋಬೇಕಾ?"

ಅವನು ಹಾಗೆಯೇ. ಏನು ಮಾಡಿದರೂ ಅದರಲ್ಲಿ ಜನಕ್ಕೊಂದು ಪಾಲು ಇರುತ್ತಿತ್ತು. ಪ್ಲಾಸ್ಟರ್ ಧೂಳು ಕೂತ ಬೆಂಚನ್ನು ಕರವಸ್ತ್ರದಿಂದ ಒರೆಸಿ ಕುಳಿತು, ಫೋನನ್ನು ಅವಳ ಮುಖಕ್ಕೆ ಹಿಡಿದ. ಮುಖವನ್ನು ನಿಧಾನವಾಗಿ ಸುತ್ತ ತಿರುಗಿಸಬೇಕಂತೆ. ಹಲ್ಲಕ್ಕ ಕತ್ತು ತಿರುಗಿಸಿದಳು. ಗಾಜಿನಲ್ಲಿ ಅವಳ ಮೂಗಿನ ಹೊಳ್ಳೆ, ಗದ್ದದ ಕೆಳಗಿನ ಜೋಲು ಚರ್ಮ, ಮೇಲ್ತುಟಿಯ ಕೂದಲು ಎಲ್ಲ ಒಂದೊಂದಾಗಿ ಮೆರವಣಿಗೆ ಹೊರಟವು. ಆಮೇಲೆ ಬೆರಳು ಬೇಕು, ಹುಟ್ಟಿದ ತಾರೀಖು ಬೇಕು, ಎಲ್ಲಿಗೆ ಹೋಗುತ್ತೀ ಎಂದು ನೋಡಲು ಒಪ್ಪಿಗೆ ಬೇಕು. ಪ್ರತಿಯೊಂದಕ್ಕೂ ಫೋನು ಹಲ್ಲು ಕಿರಿದು 'ಮುಂದುವರಿಸಿ' ಅನ್ನುತ್ತಿತ್ತು.

"ಹೆಣ್ಣು ನೋಡೋಕೆ ಬಂದವ್ರೂ ಇಷ್ಟು ಕೇಳ್ಲಿಲ್ವಲ್ಲೋ" ಅಂದಳು.

ಅಣ್ಣ ನಕ್ಕ. ಅಕೌಂಟು ಕೇಳಿದಾಗ ಮಾತ್ರ ಅವನಿಗೆ ತಾಳ್ಮೆ ಕೆಟ್ಟಿತು. "ನಿಂದು ಈ ಕಂಪನೀಲಿ ಅಕೌಂಟೇ ಇಲ್ವಲ್ಲ. ಸದ್ಯಕ್ಕೆ ನಂದೇ ಹಾಕಿರ್ತೀನಿ. ಪುರುಸೊತ್ತಾದಾಗ ಬದಲಾಯಿಸಿದ್ರಾಯ್ತು" ಎಂದು ತನ್ನ ಪಾಸ್‌ವರ್ಡ್ ಒತ್ತಿ, ಕಾದು ನಿಂತ ಗಿರಾಕಿಯ ಹತ್ತಿರ ಓಡಿದ.

ಮುಂದಿನ ದಿನಗಳು ಹಲ್ಲಕ್ಕನಿಗೆ ಪರರ ಅಡುಗೆಮನೆಯಲ್ಲಿ ಉಪ್ಪು ಹುಡುಕಿದ ಹಾಗಾದವು. ಹಳೆಯದರಲ್ಲಿ ಹಿಂದಕ್ಕೆ ಹೋಗಲು ಕೆಳಗೊಂದು ಗುಂಡಿಯಿತ್ತು. ಇದರಲ್ಲಿ ಆ ಗುಂಡಿಯೇ ಇಲ್ಲ. ಕೆಳಗಿನಿಂದ ಎಳೆದರೆ ಒಂದು, ಮೇಲಿನಿಂದ ಎಳೆದರೆ ಮತ್ತೊಂದು, ಮೂಲೆಯಿಂದ ಎಳೆದರೆ ಬೇಡದ್ದೆಲ್ಲ. ಕನ್ನಡದ ಕೀಲಿಗಳು ಬೇರೆ ಕಡೆ ಕೂತಿದ್ದವು. 'ದವಡೆ ಸಿದ್ಧ' ಎಂದು ಡಾಕ್ಟರಿಗೆ ಕಳಿಸಹೋದರೆ 'ದವಡೆ ಸುದ್ದಿ' ಹೋಯಿತು. ನುಣುಪು ಬೆನ್ನಿನ ಮೇಲೆ ಬೆರಳಿನ ಜಿಡ್ಡು ಅಂಟಿಕೊಂಡು, ಕೈಗೆ ಬಸವನಹುಳು ಹಿಡಿದಂತಾಗುತ್ತಿತ್ತು. ಅದನ್ನು ಮುಟ್ಟಿದ ಮೇಲೆ ಅವಳು ಕೈ ತೊಳೆಯತೊಡಗಿದಳು. ಜನರ ಎಂಜಲು ಮುಟ್ಟುವ ಕೈ ಅದು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ, ಬೆಂಚಿನ ಮೇಲಿನ ಪ್ಲಾಸ್ಟರ್ ದವಡೆಗಳನ್ನು ಅತ್ತ ಸರಿಸಿ ಕುಳಿತಿದ್ದಳು. ಫೋನು ಟಿಣ್ಣೆಂದಿತು. 'ನಿಮಗಾಗಿ ಕೆಲವು ಮಧುರ ಕ್ಷಣಗಳು' ಎಂದು ತೋರಿಸಿ, ಕೇಳದೆಯೇ ಸಂಗೀತ ಬಾರಿಸುತ್ತ ಫೋಟೋಗಳನ್ನು ಓಡಿಸಿತು. ಅಣ್ಣನ ಮನೆಯ ಫೋಟೋಗಳು. ಅವನ ಅಕೌಂಟಿನಿಂದ ತಾವಾಗಿ ಇಳಿದು ಬಂದಿದ್ದವು. ಅಣ್ಣ ಕಾರಿನ ಪಕ್ಕ, ಅಣ್ಣ ಕನ್ನಡಕದಲ್ಲಿ, ಅಣ್ಣ ಯಾರದೋ ಹೊಸ ಅಂಗಡಿಯ ಬಾಗಿಲಲ್ಲಿ. ಕಡೆಗೆ ಆ ಫೋಟೋ ಬಂತು.

ಅದು ಬಂಧುಗಳಿಗೆಲ್ಲ ಗೊತ್ತಿದ್ದ ಫೋಟೋ. ಹಾಸಿಗೆಯಲ್ಲಿ ದಿಂಬಿಗೆ ಒರಗಿದ ಅಮ್ಮ, ಬಾಯಿ ತೆರೆದು, ಅಣ್ಣನ ಕೈಯ ಚಮಚಕ್ಕೆ ಕತ್ತು ಚಾಚಿದ್ದಾಳೆ. ಅಮ್ಮ ತೀರಿಕೊಂಡ ದಿನ ಅಣ್ಣ ಇದನ್ನು 'ಅಮ್ಮನಿಗೆ ನನ್ನ ಕೈತುತ್ತು' ಎಂದು ಬರೆದು ಎಲ್ಲರಿಗೂ ಕಳಿಸಿದ್ದ. ಓದಿದವರೆಲ್ಲ ಕಣ್ಣೊರೆಸಿಕೊಂಡಿದ್ದರು. ಹಲ್ಲಕ್ಕನೂ ಅಳುತ್ತಳುತ್ತಲೇ ಕೆಂಪು ಹೃದಯ ಒತ್ತಿದ್ದಳು. ಆಮೇಲೆ ಅದು ಕಟ್ಟು ಹಾಕಿಸಿಕೊಂಡು ಅಣ್ಣನ ಮನೆಯ ಹಾಲಿನಲ್ಲಿ ಗೋಡೆಯೇರಿತು.

ಒಂದೇ ಒಂದು ಸಂಗತಿ ಅವಳಿಗೆ ಆಗಲೇ ಚುಚ್ಚಿತ್ತು. ಫೋಟೋದಲ್ಲಿ ಅಮ್ಮನ ಬಾಯಲ್ಲಿ ಹಲ್ಲಿನ ಸೆಟ್ಟು ಇತ್ತು. ಅದು ಅವಳೇ ಮಾಡಿಕೊಟ್ಟ ಸೆಟ್ಟು. ಕಾಯಿಲೆಯಲ್ಲಿ ಅಮ್ಮನ ಒಸಡೆಲ್ಲ ಹುಣ್ಣಾದಾಗ, ಅದನ್ನು ಇನ್ನು ಹಾಕಲೇಬಾರದೆಂದು ಡಾಕ್ಟರು ಹೇಳಿದ್ದರು. ಹಲ್ಲಕ್ಕ ತಾನೇ ತೆಗೆದು, ನೀರಿನ ಬಟ್ಟಲಲ್ಲಿ ಹಾಕಿ, ಕಪಾಟಿನ ಮೇಲಿಟ್ಟಿದ್ದಳು. ಕೇಳಿದ್ದಕ್ಕೆ ಅಣ್ಣ, "ಅದು ಹುಣ್ಣಾಗೋಕೆ ಮುಂಚಿನ ಫೋಟೋ ಕಣೇ" ಅಂದಿದ್ದ. ಹೌದೇನೋ ಎಂದು ಸುಮ್ಮನಾಗಿದ್ದಳು.

ಈಗ ಆ ಕುಣಿತದ ಸಂಗೀತ ನಿಲ್ಲಿಸಲು ಅಲ್ಲಿ ಇಲ್ಲಿ ತಟ್ಟಿದಳು. ಸಿನಿಮಾ ಹೋಗಿ ಫೋಟೋಗಳ ಸಾಲು ಬಂತು. ಅದೇ ಹಾಸಿಗೆ, ಅದೇ ಚಮಚ, ಅದೇ ತೆರೆದ ಬಾಯಿ, ಒಂದರ ಪಕ್ಕ ಒಂದು. ಇದೇನು, ಒಂದೇ ಫೋಟೋ ಇಷ್ಟು ಸಲ ಇಳಿದಿದೆಯಲ್ಲ, ಹೆಚ್ಚಿನವನ್ನು ಅಳಿಸೋಣ ಎಂದು ಹಳೆಯ ಫೋನಿನಲ್ಲಿ ಮಾಡುತ್ತಿದ್ದ ಹಾಗೆ ಒಂದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು.

ಫೋಟೋ ದೊಡ್ಡದಾಗಿ ಎದ್ದು ಅಲುಗಿತು. ಅಮ್ಮನ ಕತ್ತು ಸರಿಯಿತು. "ಇನ್ನೂ ದೊಡ್ಡದಾಗಿ ತೆಗಿ ಅಮ್ಮ. ಹಲ್ಲು ಕಾಣ್ಲಿ" ಅಂದಿತು ಅಣ್ಣನ ದನಿ. ಫೋಟೋ ತೆಗೆದ ಹಿಂದು ಮುಂದಿನ ಒಂದೆರಡು ಕ್ಷಣವನ್ನೂ ಆ ಕಂಪನಿಯ ಫೋನು ದನಿಸಮೇತ ಹಿಡಿದಿಟ್ಟಿತ್ತು.

ಹಲ್ಲಕ್ಕನ ಕೈಯ ತುತ್ತು ಡಬ್ಬಿಗೆ ಬಿತ್ತು. ಮುಂದಿನದನ್ನು ಒತ್ತಿದಳು. "ಆ… ಅನ್ನು. ನುಂಗ್ಬೇಡ, ಹಂಗೇ ಇರು." ಚಮಚ ಬರಿದಾಗಿತ್ತು. ಅಲುಗಿದಾಗ ಅದರ ಒಳಗೆ ಕಿಟಕಿಯ ಬೆಳಕು ಮಿಂಚಿತು, ಬೇರೇನೂ ಇರಲಿಲ್ಲ. ಇನ್ನೊಂದರಲ್ಲಿ ಅತ್ತಿಗೆಯ ದನಿ, ಫೋನಿನ ತೀರ ಹತ್ತಿರದಿಂದ: "ಸಾಕು ಬಿಡೀಂದ್ರೆ, ನೋಯ್ತಾ ಇದೆ ಅವ್ರಿಗೆ." ಅಣ್ಣ: "ನನ್ನ ಮುಖ ಕತ್ತಲಾಗಿದೆ. ಇನ್ನೊಂದು ತೆಗಿ." ಮತ್ತೊಂದರಲ್ಲಿ ಅಮ್ಮ ತಾನೇ ಮಾತಾಡಿದಳು. ಸೆಟ್ಟು ಸಡಿಲವಾಗಿ, ತೊದಲುತ್ತ, ಬಾಗಿಲ ಕಡೆ ನೋಡಿ, "ಮರಿ ಬಂದ್ಲಾ?" ಅಂದಳು.

ಮರಿ ಎಂದರೆ ಹಲ್ಲಕ್ಕ. ಹಾಗೆ ಕರೆಯುತ್ತಿದ್ದವಳು ಅಮ್ಮ ಒಬ್ಬಳೇ.

ಫೋಟೋದ ತಾರೀಖು ನೋಡಿದಳು. ಆ ದಿನವನ್ನು ಅವಳು ಮರೆಯುವ ಹಾಗೇ ಇರಲಿಲ್ಲ. ಅಂದು ಸಂಜೆ ಎಂದಿನಂತೆ ಅಮ್ಮನ ಬಾಯಿ ಒರೆಸಲು ಅಣ್ಣನ ಮನೆಗೆ ಹೋದಾಗ, ಕೆಳಗಿನ ಒಸಡು ಹರಿದು ಹತ್ತಿಯೆಲ್ಲ ಕೆಂಪಾಗಿತ್ತು. ತನ್ನ ಕೈಯೇ ಬಿರುಸಾಯಿತು ಎಂದುಕೊಂಡು ಅಲ್ಲೇ ಕುಸಿದು ಅತ್ತಿದ್ದಳು. ಅಮ್ಮ ಆಮೇಲೆ ಹೆಚ್ಚು ದಿನ ಇರಲಿಲ್ಲ. ಅಂದಿನಿಂದ ಹಲ್ಲಕ್ಕ ಪ್ರತಿ ಸೆಟ್ಟಿನ ಅಂಚನ್ನೂ ಬೇಕಾದ್ದಕ್ಕಿಂತ ಹೆಚ್ಚು ಉಜ್ಜುತ್ತಿದ್ದಳು.

ಬುತ್ತಿ ಮುಚ್ಚಿದಳು. ಸಿಂಕಿನ ಹತ್ತಿರ ಓಡಿದಳು. ಬಾಯಿ ಮುಕ್ಕಳಿಸಿ, ದವಡೆ ಒರೆಸುವ ಸ್ಪಿರಿಟ್ಟಿನಲ್ಲಿ ಫೋನನ್ನು ಒರೆಸಿ, ಮತ್ತೆ ಒರೆಸಿ, ವರ್ಕ್‌ಶಾಪಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಅಣ್ಣ ಹಾಲಿನಲ್ಲೇ ಇದ್ದ, ಸೋಫಾದ ಮೇಲೆ, ಆ ಕಟ್ಟಿನ ಕೆಳಗೆ. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. "ಏನೇ, ಈ ಹೊತ್ತಲ್ಲಿ? ಫೋನ್ ಕೆಡಿಸಿಟ್ಯಾ?" ಎಂದ ಅಣ್ಣ.

ಹಲ್ಲಕ್ಕ ಫೋನಿನ ದನಿ ಜೋರು ಮಾಡಿ, ಅದನ್ನು ಅವನ ಮುಖದ ಮುಂದೆ ಹಿಡಿದು ಒತ್ತಿದಳು. "ಹಲ್ಲು ಕಾಣ್ಲಿ" ಅಂದಿತು ಫೋನು. ಅತ್ತಿಗೆಯ ಕೈಯ ಬಟ್ಟೆ ಅಲ್ಲೇ ನಿಂತಿತು.

"ನನ್ನ ಅಕೌಂಟಲ್ಲಿ ಕೈಯಾಡಿಸು ಅಂತ ಯಾರು ಹೇಳಿದ್ರು ನಿಂಗೆ?" ಅಣ್ಣನ ಮುಖ ಕೆಂಪೇರಿತು. ಹೆಂಡತಿಯತ್ತ ಒಮ್ಮೆ ನೋಡಿ ದನಿ ಇಳಿಸಿದ. "ಎಲ್ಲಾರೂ ನಾಲ್ಕಾರು ತೆಗೀತಾರೆ, ಚೆನ್ನಾಗಿರೋದನ್ನ ಇಟ್ಕೋತಾರೆ. ಅದಕ್ಕೆ ಯಾಕೆ ಹಿಂಗೆ ನೋಡ್ತೀಯ?"

"ಚಮಚದಲ್ಲಿ ಏನಿತ್ತಣ್ಣ?"

"ಏನು?"

"ಚಮಚದಲ್ಲಿ ಏನಿತ್ತು ಅಂದೆ. ಕೈತುತ್ತು ಅಂತ ಬರ್ದಿದ್ಯಲ್ಲ."

ಅವನು ಫೋಟೋದತ್ತ ನೋಡಲಿಲ್ಲ. ಕಾಲಿನ ಹೆಬ್ಬೆರಳಿಂದ ಜಮಖಾನೆಯ ಅಂಚು ಮಡಚಿದ, ಬಿಡಿಸಿದ. ಆಮೇಲೆ ಒಮ್ಮೆಗೇ ಸಿಡಿದ. "ಅಮ್ಮ ನನ್ನ ಕೈಲಿ ಒಂದು ಗುಟುಕು ನೀರು ಕುಡೀಲಿಲ್ಲ, ಗೊತ್ತಾ ನಿಂಗೆ? ಮನೆ ನಂದು, ಔಷಧಿ ತಂದವನು ನಾನು, ಎತ್ತಿ ಕೂರಿಸಿದವನು ನಾನು. ಚಮಚ ತಗೊಂಡೋದ್ರೆ ಬಾಯಿ ಬಿಗಿ ಹಿಡಿಯೋಳು. ಮರಿ ಬರ್ಲಿ, ಮರಿ ಬರ್ಲಿ. ನೀನು ಸಂಜೆ ಬಂದು ಒಂದು ತಾಸು ಕೂತು ಒಳ್ಳೆಯವಳಾಗಿ ಹೋಗ್ತಿದ್ದೆ. ನಂಗೂ ಒಂದು ಬೇಕಿತ್ತು ಕಣೇ, ಅಮ್ಮನ ಜೊತೆ."

ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ಹಲ್ಲಕ್ಕನ ಎದೆ ಒಂದು ಗಳಿಗೆ ಮೆತ್ತಗಾಯಿತು. ಮೆತ್ತಗಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

"ಬೇಕಿದ್ರೆ ಪಕ್ಕದಲ್ಲಿ ಸುಮ್ನೆ ಕೂತು ತೆಗೆಸ್ಕೋಬೇಕಿತ್ತು" ಅಂದಳು. "ಹುಣ್ಣಾದ ಬಾಯಿಗೆ ಸೆಟ್ಟು ತುರುಕಿದ್ಯಲ್ಲ. ಅವತ್ತು ಸಂಜೆ ರಕ್ತ ನೋಡಿ ನನ್ನ ಕೈಯಿಂದ್ಲೇ ಆಯ್ತು ಅಂದ್ಕೊಂಡೆ. ಇವತ್ತಿನವರೆಗೂ ಅಂದ್ಕೊಂಡೇ ಇದ್ದೆ."

ಅಣ್ಣ ಸೋಫಾದಿಂದ ಎದ್ದ. "ಕೊಡಿಲ್ಲಿ, ನನ್ನ ಅಕೌಂಟ್ ತೆಗೀತೀನಿ. ಎಲ್ಲಾ ಅಳಿಸೋಗುತ್ತೆ" ಎಂದು ಫೋನಿಗೆ ಕೈ ಚಾಚಿದ.

"ತಾಳು" ಅಂದಳು ಹಲ್ಲಕ್ಕ.

ಅಮ್ಮನಿಗೆ ಫೋನೆಂದರೆ ಆಗುತ್ತಿರಲಿಲ್ಲ. ಕರೆ ಬಂದರೆ 'ಚೆನ್ನಾಗಿದೀನಿ, ಇಡ್ತೀನಿ' ಎಂದು ಇಟ್ಟುಬಿಡುವಳು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಈ ಕೊಳಕಿನ ನಡುವೆ, ಅಣ್ಣನ ಮೊಣಕೈ, ಬರಿದಾದ ಚಮಚ, ನೋಯುವ ಬಾಯಿ ಇವೆಲ್ಲದರ ನಡುವೆ, 'ಮರಿ ಬಂದ್ಲಾ' ಅನ್ನುವ ಅಷ್ಟೇ ಅಷ್ಟು ಇತ್ತು. ಅದೊಂದು ತನಗೆ ಬೇಕು ಎಂದು ಈ ಮನುಷ್ಯನ ಮುಂದೆ ಹೇಳಬೇಕಾಗಿ ಬಂತು. "ಅಮ್ಮ ಮಾತಾಡಿದ್ದು ಒಂದು ನಂಗೆ ಬೇಕು" ಅಂದಳು.

ಅತ್ತಿಗೆ ಎದ್ದು ಬಂದು ತನ್ನ ಫೋನು ತೆಗೆದುಕೊಂಡಳು. "ಯಾವುದು ಅಂತ ಗೊತ್ತು, ನನ್ನ ಫೋನಲ್ಲೂ ಇದೆ. ವಿಡಿಯೋ ಮಾಡಿ ನಿಮ್ಗೆ ಕಳ್ಸಿರ್ತೀನಿ, ಆಮೇಲೆ ಅಳಿಸ್ಲಿ" ಅಂದಳು. ಹಾಗೇ ಮಾಡಿದಳು. ಅಣ್ಣ ಹಲ್ಲಕ್ಕನ ಫೋನಿನಿಂದ ತನ್ನ ಅಕೌಂಟನ್ನು ತೆಗೆದು, ಫೋನನ್ನು ಸೋಫಾದ ಮೇಲೆ ಇಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಗೇಟಿನ ತನಕ ಅತ್ತಿಗೆ ಹಿಂದೆಯೇ ಬಂದಳು. "ನಾನೇ ಸೆಟ್ಟು ತೆಗೆದಿದ್ದು. ತೆಗೆಯುವಾಗ್ಲೇ ರಕ್ತ ಬಂತು. ನೀವು ಬರೋಷ್ಟ್ರಲ್ಲಿ ತೊಳೆದು, ಬಟ್ಟಲಿಗೆ ಹಾಕಿ, ಮೇಲಿಟ್ಟೆ" ಎಂದಳು ಮೆಲ್ಲಗೆ. "ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ."

ಹಲ್ಲಕ್ಕನಿಗೆ ಆ ಸಂಜೆ ಕಣ್ಣಿಗೆ ಕಟ್ಟಿತು. ತಾನು ನೆಲದ ಮೇಲೆ ಕೂತು ಅಳುವಾಗ ಪಕ್ಕದಲ್ಲಿ ಕೂತು ತಲೆ ಸವರಿದವಳು ಇವಳೇ. 'ಬಿಡಿ, ನೀವೇನು ಬೇಕಂತ ಮಾಡಿದ್ರಾ?' ಅಂದವಳು ಇವಳೇ. ತನ್ನ ಸೆರಗಿನಿಂದ ಹಲ್ಲಕ್ಕನ ಕಣ್ಣು ಒರೆಸಿದ್ದಳು. ಅಣ್ಣನದಾದರೂ ಒಂದು ಹಸಿವು. ಈ ಒರೆಸಿದ ಕೈಗೆ ಏನೆನ್ನಬೇಕೋ ತಿಳಿಯಲಿಲ್ಲ.

"ಅವತ್ತು ನನ್ನ ಕಣ್ಣೊರೆಸಿದ್ರಲ್ಲ ಅತ್ತಿಗೆ" ಅಂದಳು.

ಅತ್ತಿಗೆ ತಲೆ ತಗ್ಗಿಸಿದಳು. ಹಲ್ಲಕ್ಕನ ಕೈ ಹಿಡಿಯಲು ಬಂದಳು. ಹಲ್ಲಕ್ಕ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಗೇಟು ಎಳೆದಳು.

ಆಮೇಲೆ ಅಣ್ಣ ಫೋನು ಮಾಡಲಿಲ್ಲ, ಇವಳೂ ಮಾಡಲಿಲ್ಲ. ಕಟ್ಟು ಹಾಕಿದ ಆ ಫೋಟೋ ಅಣ್ಣನ ಮನೆಯ ಗೋಡೆಯಿಂದ ಇಳಿಯಿತಂತೆ ಎಂದು ಚಿಕ್ಕಮ್ಮ ಒಬ್ಬಳು ಸುದ್ದಿ ತಂದಾಗ, ಇಳಿಸಿದವರು ಯಾರು ಎಂದು ಹಲ್ಲಕ್ಕ ಕೇಳಲಿಲ್ಲ. ಬೇರೆ ಫೋನು ಕೊಳ್ಳುವ ಮನಸ್ಸೂ ಬಂತು, ಆದರೆ ಅದೇ ಕೆಲಸ ಮತ್ತೆ ಮೊದಲಿನಿಂದ ಎಂದು ಬೇಸರವಾಯಿತು. ಒಂದು ಭಾನುವಾರ ಕನ್ನಡಕ ಹಾಕಿಕೊಂಡು ಕುಳಿತು, ತಪ್ಪಿ ತಡವರಿಸಿ, ತನ್ನ ಹೆಸರಿನಲ್ಲೇ ಅಕೌಂಟು ಮಾಡಿಕೊಂಡಳು. ಮರೆತೇ ಹೋಗಿದ್ದ ಪೂರ್ತಿ ಹೆಸರನ್ನು ಬರೆಯುವಾಗ ಒಂದು ಅಕ್ಷರ ತಪ್ಪಿ, ಮತ್ತೆ ಬರೆದಳು.

ಅಮ್ಮನ ವಿಡಿಯೋ ಅತ್ತಿಗೆ ಕಳಿಸಿದ ಮೆಸೇಜಿನೊಳಗೆ ಇತ್ತು. ಅದನ್ನು ನೋಡಬೇಕಾದರೆ ಪ್ರತಿ ಸಲವೂ ಅತ್ತಿಗೆಯ ನಗುಮುಖದ ಚಿತ್ರ ದಾಟಿ ಹೋಗಬೇಕಿತ್ತು. ಹೇಗೋ ಹುಡುಕಾಡಿ ಅದನ್ನು ಹೊರಗೆ ತೆಗೆದು ಬೇರೆ ಕಡೆ ಉಳಿಸಿದಳು. ಸರಿಯಾಗಿ ಉಳಿದಿದೆಯೇ ಎಂದು ಒಮ್ಮೆ ಹಾಕಿ ಕೇಳಿದಳು. ಆಮೇಲೆ ಅತ್ತಿಗೆಯ ಮೆಸೇಜುಗಳನ್ನೆಲ್ಲ ಅಳಿಸಿ, ಸೋಪು ಹಚ್ಚಿ ಕೈ ತೊಳೆದು, ನಾಳೆ ಕೊಡಬೇಕಿದ್ದ ಸೆಟ್ಟನ್ನು ಕೈಗೆತ್ತಿಕೊಂಡಳು.