ಉಸಿರಾಡುವ ಸರಕು

ಬಾಗಿಲಿನ ಹಿಡಿಕೆ ಎಲ್ಲಿರಬೇಕು ಎಂಬುದು ಸಾಮಾನ್ಯ ವಿಷಯವಲ್ಲ. ರಾಜ್ಯಗಳು ಉರುಳಿದ್ದೇಕೆ ಎಂದು ತಲೆ ಕೆಡಿಸಿಕೊಂಡವರು ಹಿಡಿಕೆಗಳ ಕಡೆ ಸ್ವಲ್ಪ ಗಮನ ಕೊಟ್ಟಿದ್ದರೆ ಚರಿತ್ರೆಯ ಪುಸ್ತಕಗಳು ಇನ್ನಷ್ಟು ತೆಳ್ಳಗಿರುತ್ತಿದ್ದವು. ಆ ಭಾನುವಾರ ಡಬ್ಬಿ ಮೇಸ್ತ್ರಿಯ ಅಂಗಳದಲ್ಲಿ, ಅರ್ಧ ಎದ್ದು ನಿಂತ ತಗಡಿನ ಕೋಣೆಯೊಂದರ ಮುಂದೆ, ಈ ವಿಷಯವನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದಲೇ ಚರ್ಚೆಗೆ ಎತ್ತಿಕೊಳ್ಳಲಾಯಿತು. ಸಭೆಯಲ್ಲಿದ್ದವರು ಮೂವರು: ಮೇಸ್ತ್ರಿ, ಅವನ ಜೊತೆ ಕಾರ್ಖಾನೆಯಲ್ಲಿ ದುಡಿಯುವ ವೆಲ್ಡರ್, ಮತ್ತು ಮಲಗುವ ಕೋಣೆಯ ಮುಚ್ಚಿದ ಕಿಟಕಿಯ ಹಿಂದೆ ನಿಂತು ಗಾಜಿನ ಮೂಲಕವೇ ಕೂಗಿ ಮಾತಾಡುತ್ತಿದ್ದ ಮೇಸ್ತ್ರಿಯ ಹೆಂಡತಿ.

"ಒಳಗಡೆ ಹಿಡಿಕೆ ಎಲ್ರೀ?"

"ಒಳಗಡೆ ಯಾಕೆ? ಬಾಗಿಲು ತೆಗೆದ್ರೆ ತಂಪೆಲ್ಲ ಹೋಗುತ್ತೆ."

"ಮತ್ತೆ ನಾನು ಹೊರಗೆ ಬರೋದು ಹೇಗೆ?"

"ನಾನು ತೆಗೀತೀನಲ್ಲ."

"ನೀವು ಬೀಡಿ ಸೇದೋಕೆ ಹೋಗಿದ್ರೆ?"

ಮೇಸ್ತ್ರಿ ಇದನ್ನು ಯೋಚಿಸಿರಲಿಲ್ಲ. ವೆಲ್ಡರ್ ಅವನ ಪರವಾಗಿ ವಾದಿಸಿದ. "ಅತ್ತಿಗೆ, ಇವನ ಡಬ್ಬಿಯಿಂದ ಇವತ್ತಿನವರೆಗೆ ಒಂದು ಮೀನೂ ಬಾಗಿಲು ತೆಕ್ಕೊಂಡು ಹೊರಗೆ ಬಂದಿಲ್ಲ. ಪಾಪ, ಅಭ್ಯಾಸ ಇಲ್ಲ ಅವನಿಗೆ."

ಅದು ನಿಜವೇ. ಮೀಸೆ ಚಿಗುರಿದಾಗಿನಿಂದ ಮೀಸೆ ನೆರೆಯುವವರೆಗೆ ಮೇಸ್ತ್ರಿ ಮಾಡಿದ್ದು ಒಂದೇ ಕೆಲಸ: ಮೀನು ಸಾಗಿಸುವ ಲಾರಿಗಳ ಮೇಲೆ ಕೂರಿಸುವ ತಂಪು ಡಬ್ಬಿಗಳನ್ನು ಕಟ್ಟುವುದು. ಎರಡು ತಗಡಿನ ನಡುವೆ ಕೈಯಗಲ ದಪ್ಪದ ಬಿಳಿ ಫೋಮು, ಕೂಡುವ ಕಡೆಯೆಲ್ಲ ರಬ್ಬರು, ಕರಗಿದ ನೀರು ಹರಿದುಹೋಗಲು ಒಂದು ಮೂಲೆಗೆ ವಾಲಿದ ನೆಲ, ಆ ಮೂಲೆಯಲ್ಲೊಂದು ತೂತು. ಅವನ ಡಬ್ಬಿಯೊಳಗೆ ಇಟ್ಟ ಐಸು ಮಾರನೆಯ ದಿನವೂ ಅತ್ತೆಯ ಸಿಟ್ಟಿನಂತೆ ಕರಗದೆ ಕೂತಿರುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು.

ಹಿಡಿಕೆ ಕೂತಿತು. ಆಮೇಲೆ ನೆಲದ ಸರದಿ. ವಾಲಿದ ನೆಲದ ಮೇಲೆ ಮಂಚವೂ ವಾಲಿತ್ತು. "ನಿದ್ದೇಲಿ ನಾನು ಜಾರಿ ಆ ತೂತಲ್ಲಿ ಹೋಗ್ಬೇಕಾ?" ಎಂದು ಹೆಂಡತಿ ಕೇಳಿದಳು. ಮೇಸ್ತ್ರಿ ಮಂಚದ ಎರಡು ಕಾಲಿಗೆ ಮರದ ತುಂಡು ಕೊಟ್ಟ. ತೂತನ್ನು ಮುಚ್ಚಲಿಲ್ಲ, ತೂತಿಲ್ಲದ ಡಬ್ಬಿ ಕಟ್ಟಲು ಅವನ ಕೈ ಒಪ್ಪಲಿಲ್ಲ. ಕಿಟಕಿಗೆ ಮಾತ್ರ ಮೂರು ದಿನ ಜಗಳವಾಯಿತು. ಕಿಟಕಿಯೆಂದರೆ ಕಟ್ಟಿದವನೇ ಕಳ್ಳನಿಗೆ ಕೊರೆದುಕೊಟ್ಟ ಕನ್ನ ಎಂಬುದು ಮೇಸ್ತ್ರಿಯ ಸಿದ್ಧಾಂತ. ಕೊನೆಗೆ ಊಟದ ತಟ್ಟೆಯಷ್ಟು ಅಗಲದ, ತೆರೆಯಲು ಬಾರದ, ಎರಡು ಪದರ ಗಾಜಿನ ಒಂದು ಕಣ್ಣು ಮಂಜೂರಾಯಿತು.

ಇಷ್ಟೆಲ್ಲ ಯಾಕೆಂದರೆ, ಕೆಲವು ವರ್ಷಗಳ ಹಿಂದೆ ಬಂದ ಒಂದು ಜ್ವರ ಹೋಗುವಾಗ ಅವಳ ಬೆವರನ್ನು ಜೊತೆಗೆ ಕರೆದುಕೊಂಡು ಹೋಗಿತ್ತು. ಬೆವರದ ಮೈ ಬಿಸಿಲಿಗೆ ಸಿಕ್ಕರೆ ಒಲೆಯ ಮೇಲಿಟ್ಟ ಖಾಲಿ ಪಾತ್ರೆಯಂತೆ ಕಾಯುತ್ತದೆ, ಕಾಯುತ್ತಲೇ ಹೋಗುತ್ತದೆ. ಆ ಊರಿನಲ್ಲಿ ರಾತ್ರಿಯೆಂದರೂ ಅಷ್ಟೆ, ಹಗಲೆಲ್ಲ ಬಿಸಿಲು ತಿಂದ ಗೋಡೆಗಳು ರಾತ್ರಿ ಅದನ್ನು ಕಕ್ಕುತ್ತವೆ. ಹಾಗಾಗಿ ಅವಳ ಪ್ರಪಂಚ ಎಸಿ ಇರುವ ಒಂದು ಕೋಣೆಗೆ ಬಂದು ನಿಂತಿತ್ತು. ಅದಕ್ಕೂ ಅವಳು ಒಗ್ಗಿಕೊಂಡಿದ್ದಳು. ಒಗ್ಗದೆ ಹೋದದ್ದು ಅಕ್ಕನ ಸುದ್ದಿಗೆ.

ಅಕ್ಕ ಇದ್ದದ್ದು ಎರಡು ದಿನದ ದಾರಿಯಾಚೆ, ರೈಲು ಹೋಗದ ಊರಿನಲ್ಲಿ, ತಗಡಿನ ಮಾಡಿನ ಮನೆಯಲ್ಲಿ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಳು. ಪ್ರತಿ ಬಾರಿ ಫೋನ್ ಮಾಡಿದಾಗಲೂ ಅವಳ ಬಾಯಲ್ಲಿ ಮಾತು ಕಡಿಮೆಯಾಗಿರುತ್ತಿತ್ತು. ಮೊದಲು ಕ್ರಿಯಾಪದಗಳು ಹೋದವು, ಆಮೇಲೆ ಹೆಸರುಗಳು. "ಯಾವಾಗ?" ಎಂಬುದೊಂದು ಮಾತ್ರ ಇನ್ನೂ ಸ್ಪಷ್ಟವಾಗಿತ್ತು. ಆ ಒಂದು ಮಾತೂ ಹೋಗುವ ಮೊದಲು ಅಕ್ಕನ ಎದುರು ಕೂರಬೇಕು ಎಂಬುದು ತಂಗಿಯ ಹಟ.

ಒಮ್ಮೆ ಬಾಡಿಗೆಯ ಎಸಿ ಕಾರಿನಲ್ಲಿ ಹೊರಟೂ ಇದ್ದರು. ದಿಬ್ಬ ಹತ್ತುವಾಗ ಎಂಜಿನ್ ಕುದಿಯುತ್ತದೆಂದು ಡ್ರೈವರ್ ಎಸಿ ಆರಿಸಿದ. ದಿಬ್ಬ ಮುಗಿಯುವಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೇಸ್ತ್ರಿ ತೀರ್ಮಾನಿಸಿದ: ಪರರ ತಂಪನ್ನು ನಂಬಬಾರದು. ದಾರಿಯುದ್ದಕ್ಕೂ ಅವಳನ್ನು ತಂಪಾಗಿ ಒಯ್ಯುವ, ಅಲ್ಲಿ ಅಕ್ಕನ ಅಂಗಳದಲ್ಲಿ ನಿಂತು ಎಷ್ಟು ದಿನ ಬೇಕಾದರೂ ತಂಪಾಗಿಡುವ ಪುಟ್ಟ ಮನೆಯೊಂದನ್ನು ಚಕ್ರದ ಮೇಲೆ ಕಟ್ಟಬೇಕು. ತನ್ನ ಹಳೆಯ ಕಾರಿನ ಬಾಲಕ್ಕೆ ಸಿಕ್ಕಿಸಿ ಎಳೆಯಬೇಕು.

ಕಾರ್ಖಾನೆಯ ಹಿಂದೆ ಬಿದ್ದಿದ್ದ ಹಳೆಯ ಲಾರಿ ಡಬ್ಬಿಯ ಹಲಗೆಗಳು, ಮನೆಯ ಗೋಡೆಗೆ ಹಾಕುವಂಥ ಒಂದು ಎಸಿ, ಕಾರಿಗೆ ಸಿಕ್ಕಿಸುವ ಕಬ್ಬಿಣದ ಮೂತಿಯ ಮೇಲೊಂದು ಜನರೇಟರ್, ಇವಿಷ್ಟರಿಂದ ಮನೆ ಎದ್ದಿತು. ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ. "ಇರಲಿ ಬಿಡಿ ಅತ್ತಿಗೆ. ಬೆಕ್ಕುಗಳು ಹಿಂದೆ ಬಂದ್ರೆ ಮೆರವಣಿಗೆ ಆದ ಹಾಗಾಯ್ತು," ಎಂದ ವೆಲ್ಡರ್.

ಪರೀಕ್ಷೆಗೆ ಮೇಸ್ತ್ರಿ ಆರಿಸಿಕೊಂಡದ್ದು ನಡುಮಧ್ಯಾಹ್ನ, ಕಾಗೆಯೂ ನೆರಳು ಬಿಟ್ಟು ಹೊರಡದ ಹೊತ್ತು. ಒದ್ದೆ ಬಟ್ಟೆ ಹೊದ್ದು ಕೋಣೆಯಿಂದ ಡಬ್ಬಿಗೆ ಓಡಿದ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಾದ ಮೇಲೆ ತಟ್ಟೆಯಗಲದ ಕಿಟಕಿಯಲ್ಲಿ ಅವಳ ಮುಖ ಕಾಣಿಸಿತು. ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಮೇಸ್ತ್ರಿ ಬಾಗಿಲನ್ನು ಬೆರಳಗಲ ತೆರೆದ.

"ಚಳಿ ಆಗ್ತಿದೆ ಕಣ್ರೀ. ಒಂದು ಕಂಬಳಿ ಕೊಡಿ."

ಮದುವೆಯಾದಾಗಿನಿಂದ ಹೆಂಡತಿ ಅವನನ್ನು ಹೊಗಳಿದ್ದು ಕಡಿಮೆ. ಇದನ್ನು ಅವನು ಹೊಗಳಿಕೆಯೆಂದೇ ಜಮಾ ಮಾಡಿಕೊಂಡ.

ಹೆದ್ದಾರಿಗೆ ಇಳಿಯಬೇಕಾದರೆ ನಂಬರ್ ಬೇಕು. ವಾಹನ ಇನ್‌ಸ್ಪೆಕ್ಟರ್ ಸುತ್ತು ಬಂದು ನೋಡಿದ, ಗೋಡೆ ತಟ್ಟಿದ, ಒಳಗೆ ತಲೆ ಹಾಕಿ "ಆಹಾ, ಸ್ವರ್ಗ!" ಎಂದ. ಆಮೇಲೆ ಕೇಳಿದ, "ಮನೆಯವರು ಎಲ್ಲಿ ಕೂರ್ತಾರೆ?"

"ಇದರಲ್ಲೇ ಸಾರ್."

"ಇದು ನಿಂತಾಗ. ಓಡುವಾಗ?"

"ಓಡುವಾಗ್ಲೂ ಇದರಲ್ಲೇ."

"ಹಾಗೆಲ್ಲ ಆಗಲ್ಲಪ್ಪ. ಎಳೆಯೋ ಗಾಡಿಯೊಳಗೆ ಜನ ಕೂರೋ ಹಾಗಿಲ್ಲ. ಮುಂದಿನ ಕಾರಲ್ಲಿ ಕೂರಿಸ್ಕೊ."

"ಆ ಕಾರಲ್ಲಿ ಎಸಿ ಇಲ್ಲ ಸಾರ್. ಎಸಿ ಕೂರಿಸಿದ್ರೆ ಈ ಭಾರ ಎಳೆಯೋ ಶಕ್ತಿ ಅದಕ್ಕಿಲ್ಲ."

"ಅದು ನಿನ್ನ ಕಾರಿನ ಕಷ್ಟ."

"ಮೀನು ಹಾಕಬಹುದಾ?"

"ಎಷ್ಟು ಬೇಕಾದ್ರೂ ಹಾಕು."

ಇನ್‌ಸ್ಪೆಕ್ಟರ್ ಕೆಟ್ಟವನಲ್ಲ. ಕೊಕ್ಕೆ ಕಳಚಿದ ಗಾಡಿಯೊಂದು ಹಳ್ಳಕ್ಕೆ ಉರುಳಿದಾಗ ಒಳಗಿದ್ದವರನ್ನು ಹೊರಗೆಳೆದ ಕೈ ತನ್ನದು ಎಂದು ಹೇಳಿ, ಕೈಯನ್ನೂ ತೋರಿಸಿದ. ಮೇಸ್ತ್ರಿ ಕೈ ನೋಡಿದ. ಅವನು ಕಟ್ಟಿದ ಡಬ್ಬಿಗಳಲ್ಲಿ ಸರಕು ಯಾವಾಗಲೂ ಒಳಗೇ ಇರುತ್ತಿತ್ತು, ಗಾಡಿ ಯಾವಾಗಲೂ ಓಡುತ್ತಿತ್ತು. ಇದರಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ಅವನಿಗೆ ತೋಚಿರಲೇ ಇಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಹಿಂದಿನ ದಿನವೇ ಅಕ್ಕನಿಗೆ ಫೋನಿನಲ್ಲಿ "ಈ ವಾರ" ಎಂದುಬಿಟ್ಟಿದ್ದಳು. ಅಕ್ಕನಿಗೆಂದು ಮೆತ್ತನೆಯ ಹತ್ತಿ ನೈಟಿಗಳು ಚೀಲದಲ್ಲಿ ಮಡಿಸಿ ಕೂತಿದ್ದವು.

"ಹೆದ್ದಾರಿ ಬಿಟ್ಟು ಬೇರೆ ದಾರಿ ಇಲ್ವಾ?" ಎಂದಳು.

"ಮಣ್ಣು ರಸ್ತೆ ಇದೆ. ಸುತ್ತು."

"ಸುತ್ತಾದ್ರೇನು? ನಾನು ಕಂಬಳಿ ಹೊದ್ದು ಕೂತಿರ್ತೀನಿ. ಏನಾದ್ರೂ ಆದ್ರೆ ಫೋನ್ ಮಾಡ್ತೀನಿ."

ಹೊರಟರು. ಕುಲುಕಾಟಕ್ಕೆ ಬಾಗಿಲು ತೆರೆದುಕೊಳ್ಳದಿರಲೆಂದು ಹೊರಗಿನ ಚಿಲಕ ಹಾಕಿದ್ದ ಮೇಸ್ತ್ರಿ ಫೋನನ್ನು ಸ್ಟೀರಿಂಗ್ ಪಕ್ಕದಲ್ಲೇ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡ. ಧೂಳಿನ ಮೋಡ ಹಿಂದೆ ಬರುತ್ತಿತ್ತು, ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅವನ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಬೇಯುತ್ತಿದ್ದೇನೆ, ಅವಳು ಕಂಬಳಿ ಹೊದ್ದಿದ್ದಾಳೆ ಎಂದುಕೊಂಡಾಗ ನಗು ಬಂತು. ಆಗಾಗ ಫೋನ್ ನೋಡಿದ. ಕರೆ ಬರಲಿಲ್ಲ. ಕರೆ ಬರದಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಹಳೆಯ ಹಾಡೊಂದನ್ನು ಅರ್ಧ ಮರೆತೇ ಗುನುಗಿದ. ರೇಡಿಯೇಟರಿಗೆ ನೀರು ಹಾಕಲು ಒಂದು ಮರದ ಕೆಳಗೆ ನಿಲ್ಲಿಸಿ ಎಂಜಿನ್ ಆರಿಸಿದ. ತೀರಾ ಸದ್ದಿಲ್ಲದಂತಾಯಿತು. ಆಗ ಅವನಿಗೆ ತಿಳಿಯಿತು, ಜನರೇಟರ್ ಕೂಡ ಓಡುತ್ತಿಲ್ಲ.

ಧೂಳು ಕುಡಿದು ಅದು ಯಾವಾಗಲೋ ನಿಂತಿತ್ತು. ಕಾರಿನ ಸದ್ದಿನಲ್ಲಿ ಗೊತ್ತಾಗಿರಲಿಲ್ಲ.

ಬಾಗಿಲು ತೆರೆದಾಗ ಅವಳು ಮಂಚದ ಮೇಲಿರಲಿಲ್ಲ. ನೆಲದ ಮೂಲೆಯಲ್ಲಿ ಬೋರಲು ಮಲಗಿ, ನೀರು ಹೋಗುವ ತೂತಿಗೆ ಮುಖ ಒತ್ತಿ ಹಿಡಿದಿದ್ದಳು. ಗಾಡಿ ಓಡುವಷ್ಟು ಹೊತ್ತೂ ಆ ತೂತಿನಿಂದ ಒಂದೆಳೆ ಗಾಳಿ ಬರುತ್ತಿತ್ತು. ಕೆನ್ನೆಯ ಮೇಲೆ ತೂತಿನ ಗುರುತು ದುಂಡಗೆ ಮೂಡಿತ್ತು.

ಕ್ಯಾನಿನ ನೀರನ್ನೆಲ್ಲ ಮೈಮೇಲೆ ಸುರಿದ, ಫಿಲ್ಟರ್ ಬಿಚ್ಚಿ ಎಸೆದು ಜನರೇಟರ್ ಎಬ್ಬಿಸಿದ, ಬಾಗಿಲು ಓರೆ ಮಾಡಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಿಸಿಲು ಒಳಗೆ ಬಂದಿರಲಿಲ್ಲ, ಅವನ ಗೋಡೆಗಳು ಅದನ್ನು ಬಿಟ್ಟಿರಲಿಲ್ಲ. ಆದರೆ ಅವಳ ಮೈಯ ಬಿಸಿಯನ್ನು ಹೊರಗೂ ಬಿಟ್ಟಿರಲಿಲ್ಲ. ಮೀನಿಗೆ ಮೈಬಿಸಿ ಇರುವುದಿಲ್ಲ. ಅಷ್ಟು ವರ್ಷಗಳಲ್ಲಿ ಅವನ ಯಾವ ಸರಕೂ ಉಸಿರಾಡಿರಲಿಲ್ಲ.

ಕಣ್ಣು ಬಿಟ್ಟ ಮೇಲೆ ಅವಳು ಮೊದಲು ಕೇಳಿದ್ದು, "ಫೋನ್ ಯಾಕೆ ಎತ್ತಲಿಲ್ಲ?"

"ಬರ್ಲೇ ಇಲ್ಲ."

ಅವಳ ಫೋನ್ ತೆಗೆದು ನೋಡಿದ. ತಗಡಿನ ಗೋಡೆಯೊಳಗೆ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

"ಗೋಡೆ ಎಷ್ಟು ಬಡಿದೆ ಗೊತ್ತಾ?"

"ಕೇಳಿಸ್ಲಿಲ್ಲ ಕಣೇ."

ಅವಳು ಫೋಮು ತುಂಬಿದ ಗೋಡೆಯನ್ನು ಬೆರಳಿಂದ ಮುಟ್ಟಿದಳು. "ಚೆನ್ನಾಗಿ ಕಟ್ಟಿದೀರಿ," ಎಂದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅಡಿಗಡಿಗೂ ನಿಲ್ಲಿಸಿ, ಬಾಗಿಲು ತೆರೆದು ನೋಡಿ, ಮತ್ತೆ ಹೊರಟು, ಮನೆಗೆ ಹಿಂದಿರುಗಿದರು.

ಆಮೇಲೆ ಮೇಸ್ತ್ರಿ ಸುಮ್ಮನೆ ಕೂರಲಿಲ್ಲ. ಗೋಡೆಗೆ ಗಾಳಿಕಂಡಿ ಕೊರೆಯುತ್ತೇನೆ, ಕಾರಿಗೆ ವೈರು ಎಳೆದು ಕರೆಗಂಟೆ ಇಡುತ್ತೇನೆ, ಎರಡನೆಯ ಜನರೇಟರ್ ಹಾಕುತ್ತೇನೆ ಎಂದ. ಪ್ರತಿಯೊಂದಕ್ಕೂ ಭಾರ ಏರುತ್ತಿತ್ತು. ಭಾರ ಏರಿದಷ್ಟೂ ಕಾರು ಚಿಕ್ಕದಾಗುತ್ತಿತ್ತು. ವೆಲ್ಡರ್ ಎಲ್ಲವನ್ನೂ ಕೇಳಿಸಿಕೊಂಡ. ಜೋಕು ಮಾಡಲಿಲ್ಲ. ಅದರಿಂದಲೇ ಮೇಸ್ತ್ರಿಗೆ ಭಯವಾಯಿತು.

"ಸಾಕು ಬಿಡಿ," ಎಂದಳು ಹೆಂಡತಿ, ಮಂಚದ ಮೇಲಿಂದಲೇ. "ಅಕ್ಕನಿಗೆ ನಾನೇ ಹೇಳ್ತೀನಿ."

ಫೋನ್ ಹಚ್ಚಿದಳು. ಆ ಕಡೆ ಯಾರೋ ಫೋನನ್ನು ಅಕ್ಕನ ಕಿವಿಗೆ ಹಿಡಿದರು. "ಅಕ್ಕಾ, ನಾನು ಬರಲ್ಲ ಕಣೇ. ಆಗಲ್ಲ," ಎಂದು ತಂಗಿ ನೇರವಾಗಿ ಹೇಳಿದಳು. ಆ ಕಡೆಯಿಂದ ಒಂದು ಉದ್ದನೆಯ ಸದ್ದು ಬಂತು. ಅದು ಏರಿತು, ಇಳಿಯಿತು, ನಡುವೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ತಂಗಿ "ಹೂಂ, ಹೂಂ," ಎನ್ನುತ್ತ ಕೊನೆಯವರೆಗೂ ಕೇಳಿಸಿಕೊಂಡು ಫೋನ್ ಇಟ್ಟಳು.

"ಏನಂದ್ರು?" ಎಂದು ಕೇಳಿದ ಮೇಸ್ತ್ರಿ.

"ಗೊತ್ತಾಗ್ಲಿಲ್ಲ."

ಟ್ರೈಲರನ್ನು ಮೀನಿನ ವ್ಯಾಪಾರಿಯೊಬ್ಬ ಬಂದು ಎಳೆದುಕೊಂಡು ಹೋದ. ಮಂಚ ಬೇಡವೆಂದು ಬಿಟ್ಟುಹೋದ. ಬೇಸಿಗೆ ಮುಗಿಯುವ ಮೊದಲು ಅಕ್ಕ ತೀರಿಕೊಂಡಳು. ತಂಗಿ ಅವಳನ್ನು ನೋಡಲಿಲ್ಲ.