ದಯವಿಟ್ಟು ಮುಟ್ಟಿ

ಕಾದ ಬೆಸುಗೆಕಡ್ಡಿ ತಂತಿಯ ತುದಿಗೆ ತಾಗಿದ್ದೇ ತಡ, ಎಳೆಯಷ್ಟು ಬಿಳಿ ಹೊಗೆ ಎದ್ದು ಅಕ್ಕನ ಮೂಗಿಗೆ ಬಡಿಯಿತು. ರಾಳದ ವಾಸನೆ. ಒಂದು ಗಳಿಗೆ ಅವಳು ಈ ಅಂಗಡಿಯಲ್ಲಿರಲಿಲ್ಲ. ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಮುಚ್ಚಳ ಬಿಚ್ಚಿದ ರೇಡಿಯೋದೊಳಗೆ ಗಾಜಿನ ಬುರುಡೆಗಳು ಕೆಂಪಗೆ ಹೊಳೆಯುತ್ತಿದ್ದವು. "ಬರೀ ನೋಡಿದ್ರೆ ಏನು ಬಂತು? ಕೈ ಕೊಡು" ಎಂದು ಅಪ್ಪ ಅವಳ ಬೆರಳನ್ನು ಹಿಡಿದು ತಿರುಗಣೆಯ ಮೇಲೆ ಇಟ್ಟಿದ್ದರು. ಬೆರಳು ತಿರುಗಿದ ಹಾಗೆ ಯಾವುದೋ ದೂರದ ಊರಿನ ಹಾಡು ಗೊರಗೊರ ಸದ್ದಿನ ನಡುವಿನಿಂದ ದಾರಿ ಮಾಡಿಕೊಂಡು ಬಂದಿತ್ತು.

"ಅಕ್ಕಾ, ಹೊಗೆ ಕುಡೀಬೇಡಿ, ಸ್ವಲ್ಪ ಆಚೆ ನಿಲ್ಲಿ" ಎಂದ ಫಿಟ್ಟರ್. ಅವನು ಮೇಜಿನ ಕೆಳಗೆ ಅಂಗಾತ ಮಲಗಿದ್ದ. ಮೀಸೆಯ ತುಂಬ ಮರದ ಹೊಟ್ಟು ಕೂತಿತ್ತು.

ಅಂಗಡಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಕ್ಯಾಮೆರಾ ಅಕ್ಕ ಎಂದು. ಫ್ಯಾನು, ಮಿಕ್ಸಿ, ಟೀವಿಗಳ ಆ ದೊಡ್ಡ ಅಂಗಡಿಯಲ್ಲಿ ವಿಡಿಯೋ ಕ್ಯಾಮೆರಾಗಳ ಮೂಲೆ ಅವಳದು. ಮೊನ್ನೆಯವರೆಗೂ ಅವೆಲ್ಲ ಗಾಜಿನ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕೂತಿದ್ದವು. ಜನ ಬರುತ್ತಿದ್ದರು, ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು, ಮೂಗಿನ ಗುರುತು ಬಿಟ್ಟು ಹೋಗುತ್ತಿದ್ದರು. ಒಮ್ಮೆ ಅವಳು ತಾನಾಗಿ ಬೀಗ ತೆಗೆದು ಒಂದು ಕ್ಯಾಮೆರಾವನ್ನು ಗಿರಾಕಿಯ ಕೈಗೆ ಕೊಟ್ಟಿದ್ದಳು. "ಬೆಳಕಿನಲ್ಲಿ ನೋಡ್ತೀನಿ" ಎಂದು ಬಾಗಿಲವರೆಗೆ ಹೋದವನು ಬೆಳಕಿನಲ್ಲೇ ಕರಗಿಹೋದ. ಅಂದಿನಿಂದ ಕಪಾಟಿಗೆ ಎರಡನೆಯ ಬೀಗ ಬಿತ್ತು.

ಈ ಹೊಸ ಮೇಜು ಅವಳು ಹಟ ಹಿಡಿದು ಮಾಡಿಸಿದ್ದು. ಪ್ರತಿ ಕ್ಯಾಮೆರಾದ ಅಡಿಗೂ ಒಂದು ಲೋಹದ ಬಿಲ್ಲೆ. ಅದನ್ನು ಹಿಡಿದ ಸ್ಕ್ರೂ ಮಾಮೂಲಿ ಸ್ಕ್ರೂಡ್ರೈವರಿಗೆ ಬಗ್ಗುವುದಲ್ಲ. ಬಿಲ್ಲೆಯಿಂದ ಉಕ್ಕಿನ ಎಳೆ ಸೇರಿಸಿ ಹೆಣೆದ ತಂತಿ ಮೇಜಿನ ತೂತಿನೊಳಗೆ ಇಳಿದು ಸ್ಪ್ರಿಂಗಿನ ಸುರುಳಿಗೆ ಸುತ್ತಿಕೊಂಡಿತ್ತು. ಕ್ಯಾಮೆರಾ ಎತ್ತಿದರೆ ತಂತಿ ಬಿಚ್ಚಿಕೊಳ್ಳುತ್ತದೆ, ಇಟ್ಟರೆ ಒಳಗೆ ಸೇರುತ್ತದೆ. ತಂತಿಯ ಅಳತೆ ಮೀರಿ ಎಳೆದರೆ ಮೇಜು ಕಿರುಚಿಕೊಳ್ಳುತ್ತದೆ. ಯಾವ ಕ್ಯಾಮೆರಾ ಎತ್ತಿದರೆ ಅದು ಕಂಡ ನೋಟ ಗೋಡೆಯ ದೊಡ್ಡ ಟೀವಿಯಲ್ಲಿ ಮೂಡುತ್ತದೆ.

ಫಿಟ್ಟರ್ ಮೊದಲ ದಿನದಿಂದಲೂ ಆ ತಂತಿಗಳನ್ನು ಬೇಡಿ ಎಂದೇ ಕರೆಯುತ್ತಿದ್ದ. "ಇವನಿಗೆ ಬೇಡಿ ತೊಡಿಸಿದ್ದಾಯ್ತು, ಮುಂದಿನ ಕೈದಿ ಯಾರು?" ಎಂದು ಕ್ಯಾಮೆರಾಗಳನ್ನು ಒಂದೊಂದಾಗಿ ಕೇಳುತ್ತಿದ್ದ. ಕಂಪನಿ ಕೊಟ್ಟ ತಂತಿ ಮುಖದ ತನಕ ಬಂದರೆ ಹೆಚ್ಚು. ಅಕ್ಕ ಒಪ್ಪಿರಲಿಲ್ಲ.

"ಮುಖಕ್ಕೆ ಹಿಡ್ಕೊಂಡ್ರೆ ಎದುರಿಗೆ ಏನು ಕಾಣುತ್ತೆ? ಫ್ರಿಜ್ಜು. ಫ್ರಿಜ್ ನೋಡೋಕೆ ಕ್ಯಾಮೆರಾ ಬೇಕಾ? ರಸ್ತೆ ಕಡೆ ತಿರುಗೋ ಹಾಗಿರಬೇಕು."

"ಬೇಡಿ ಸಡಿಲ ಮಾಡಿ ಅನ್ನೋ ಜೈಲರ್‌ನ ಇವತ್ತೇ ನೋಡಿದ್ದು" ಎಂದು ಗೊಣಗಿದರೂ ಅವನು ಒಂದೊಂದಕ್ಕೂ ತುಂಡು ಸೇರಿಸಿ ಬೆಸೆಯುತ್ತಿದ್ದ.

ಯಜಮಾನರು ಬಂದು ಮೇಜನ್ನು ಒಂದು ಸುತ್ತು ಹಾಕಿದರು. ಅಂಗಡಿ ಅವರ ತಂದೆಯ ಕಾಲದ್ದು. ಸಾಮಾನಿನ ಮೇಲೆ ಬೆರಳ ಗುರುತು ಕಂಡರೆ ತಾವೇ ಕರ್ಚೀಫು ತೆಗೆದು ಒರೆಸುವವರು.

"ನೋಡಮ್ಮಾ, ನಿಮ್ಮ ಮಾತಿಗೆ ಒಪ್ಪಿದ್ದೀನಿ. ಆದ್ರೆ ಇವತ್ತು ಒಂದು ದಿನ. ಒಬ್ಬರೂ ಎತ್ತಿ ನೋಡದೇ ಹೋದ್ರೂ ಸರಿ, ಇದು ಸುಮ್ ಸುಮ್ನೆ ಕಿರುಚಿಕೊಂಡ್ರೂ ಸರಿ, ಕ್ಯಾಮೆರಾ ವಿಭಾಗ ಮುಚ್ಚೋದೇ. ನೀವು ಕೆಳಗೆ ನೆಲಮಾಳಿಗೆಯ ಇಸ್ತ್ರಿಪೆಟ್ಟಿಗೆ ಕೌಂಟರಿಗೆ."

"ಆಯ್ತು ಸರ್."

"ಇದರ ಬಾಯಿ ಮುಚ್ಚಿಸೋ ಕೀಲಿ?"

ಫಿಟ್ಟರ್ ಗುಂಡಿಯಿರುವ ಪುಟ್ಟ ಕೀಲಿಯನ್ನು ಕೊಟ್ಟ. ಯಜಮಾನರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು. ಇಸ್ತ್ರಿಪೆಟ್ಟಿಗೆಯ ಮೇಲೆ ಅಕ್ಕನಿಗೆ ಯಾವ ಸಿಟ್ಟೂ ಇರಲಿಲ್ಲ. ಅದರಿಂದ ನೋಡಿದರೆ ಏನೂ ಕಾಣುವುದಿಲ್ಲ, ಅಷ್ಟೆ.

ಬಾಗಿಲು ತೆರೆಯುವ ಮೊದಲು ಬೋರ್ಡ್ ಮಾವ ಬಂದರು. ಬಗಲಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಹಲಗೆ. ಆ ಬೀದಿಯಲ್ಲಿ ಕೈಯಿಂದ ಬೋರ್ಡು ಬರೆಯುವವರು ಉಳಿದಿದ್ದುದು ಅವರೊಬ್ಬರೇ. ಪ್ಲಾಸ್ಟಿಕ್ಕಿನ ಅಕ್ಷರಕ್ಕಿಂತ ಕೈಬರಹ ಕರೆದ ಹಾಗಿರುತ್ತದೆ ಎಂದು ಅಕ್ಕನೇ ಅವರಿಗೆ ಹೇಳಿಕಳಿಸಿದ್ದಳು. ಹಲಗೆಯನ್ನು ಮೇಜಿನ ಮೇಲೆ ತೂಗುಹಾಕಿದರು. ಕೆನೆಬಣ್ಣದ ಮೇಲೆ ಕಡುನೀಲಿ. ದುಂಡು ದುಂಡಗೆ, ತೊಳೆದಿಟ್ಟ ಹಣ್ಣಿನಂಥ ಅಕ್ಷರ.

"ಎಷ್ಟು ಚೆನ್ನಾಗಿದೆ ಮಾವ!"

"ಕಣ್ಣು ಸರಿಯಾಗಿ ಕಾಣಲ್ಲ ತಾಯಿ. ಆದ್ರೆ ಕೈಗೆ ದಾರಿ ಗೊತ್ತಿದೆ" ಎಂದು ನಕ್ಕು ಅವರು ಹೊರಟುಹೋದರು. ಫಿಟ್ಟರ್ ಕೂಡ ಬೇರೆ ಕೆಲಸವಿದೆ, ಮಧ್ಯಾಹ್ನ ಒಮ್ಮೆ ಬಂದು ನೋಡುತ್ತೇನೆ ಎಂದು ಸಾಮಾನು ಕಟ್ಟಿಕೊಂಡ.

ಜನ ಬಂದರು. ಅಕ್ಕ ಸೀರೆಯ ಸೆರಗು ಸರಿಮಾಡಿಕೊಂಡು ಮೇಜಿನ ಪಕ್ಕ ನಿಂತಳು. ಮೊದಲು ಬಂದ ಗಂಡಹೆಂಡತಿ ಕ್ಯಾಮೆರಾಗಳನ್ನು ನೋಡಿ ಮುಖ ಅರಳಿಸಿದರು, ಮೇಲೆ ನೋಡಿದರು, ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಎತ್ತಿ ನೋಡಿ" ಎಂದಳು ಅಕ್ಕ. "ಇಲ್ಲ ಇಲ್ಲ, ಸುಮ್ನೆ ನೋಡೋಕೆ ಬಂದ್ವಿ" ಎಂದು ಅವರು ಹೆಜ್ಜೆ ಹಿಂದಿಟ್ಟರು. ಕೈಚೀಲ ಹಿಡಿದ ಮೇಷ್ಟರೊಬ್ಬರು ಕನ್ನಡಕ ಏರಿಸಿ ಬಗ್ಗಿದರು, ತಲೆ ಎತ್ತಿ ಓದಿದರು, ಕನ್ನಡಕ ಇಳಿಸಿ ನಡೆದರು. ಒಬ್ಬ ಹೆಂಗಸು ಬೆರಳು ಚಾಚಿದವಳು ಒಲೆ ತಾಗಿದಂತೆ ಹಿಂದೆಗೆದು "ತಪ್ಪಾಯ್ತು" ಎಂದಳು.

ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. ಕರೆದಷ್ಟೂ ಜನ ಹಿಂಜರಿಯುತ್ತಿದ್ದರು. ಗಾಜು ಹೋಗಿತ್ತು, ಗಾಜಿನ ಹೆದರಿಕೆ ಹೋಗಿರಲಿಲ್ಲ. ಯಾರೂ ಎತ್ತದ್ದರಿಂದ ಟೀವಿಯಲ್ಲಿ ಬೆಳಗಿನಿಂದ ಮೊದಲ ಕ್ಯಾಮೆರಾ ಕೂತಲ್ಲಿಂದಲೇ ಕಂಡ ಮೇಜಿನ ಅಂಚು ಮತ್ತು ಒಂದು ಫ್ರಿಜ್ಜಿನ ಬಾಗಿಲು. ದೂರದ ಕೌಂಟರಿನಿಂದ ಯಜಮಾನರು ಆಗಾಗ ಇತ್ತ ನೋಡಿ ಮತ್ತೆ ತಲೆ ತಗ್ಗಿಸುತ್ತಿದ್ದರು.

ಮಧ್ಯಾಹ್ನ ಫಿಟ್ಟರ್ ಬಂದ. ಬಂದವನೇ ಬೋರ್ಡಿನತ್ತ ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಏನಕ್ಕಾ ಇದು! ಬೇಡಿ ಅಂತ ನಾನು ತಮಾಷೆಗೆ ಅಂದ್ರೆ ನೀವು ಹೆಸರು ಬರೆಸಿ ನೇತುಹಾಕಿದ್ದೀರಲ್ಲ!"

"ಎಲ್ಲಿ?"

"ಅಲ್ಲಿ ನೋಡಿ. ಕ್ಯಾಮೆರಾ ನೆತ್ತಿ ಮೇಲೇ."

ಅಕ್ಕ ನೋಡಿದಳು. ಅವಳು ಬರೆಯಹೇಳಿದ್ದು ದಯವಿಟ್ಟು ಮುಟ್ಟಿ ಎಂದು. ಹಲಗೆಯ ಮೇಲೆ ಮೂರು ಸಾಲು. ದಯವಿಟ್ಟು. ಮುಟ್ಟ. ಬೇಡಿ. ಕೊನೆಯ ಸಾಲು ಒಂಟಿಯಾಗಿ, ದಪ್ಪಗೆ, ತಂತಿಗಳ ಮೇಲೆ ಹೆಸರುಪಟ್ಟಿಯ ಹಾಗೆ ಕೂತಿತ್ತು. ಬೆಳಗಿನಿಂದ ಅದರ ಕೆಳಗೇ ನಿಂತಿದ್ದಳು. ಹುಟ್ಟಿದಾಗಿನಿಂದ ಎಷ್ಟು ಕಡೆ ಓದಿದ ಮಾತೋ, ಕಣ್ಣು ಎಲ್ಲೂ ಎಡವದೆ ದಾಟಿಹೋಗಿತ್ತು.

"ಅಯ್ಯೋ ದೇವರೇ" ಎಂದು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಅವಳಿಗೂ ನಗು ತಡೆಯಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು.

ಫೋನು ಮಾಡಿದ್ದಕ್ಕೆ ಬೋರ್ಡ್ ಮಾವ ಬಣ್ಣದ ಡಬ್ಬಿ ಹಿಡಿದು ಓಡೋಡಿ ಬಂದರು. ಹಲಗೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ ಓದಿದರು. ಮುಖ ಸಣ್ಣದಾಯಿತು.

"ಒಳಗೆ ಬರಬೇಡಿ, ಇಲ್ಲಿ ಉಗುಳಬೇಡಿ, ಗಾಡಿ ನಿಲ್ಲಿಸಬೇಡಿ. ಜನ ನನ್ನ ಹತ್ರ ಬರೆಸೋದೇ ಇಷ್ಟು ತಾಯಿ. ಮುಟ್ಟ ಅಂತ ಬರೆದ ಮೇಲೆ ಕೈ ಕೇಳಲೇ ಇಲ್ಲ, ಬೇಡಿ ಹಾಕ್ಕೊಂಡು ಹೋಗಿಬಿಟ್ಟಿದೆ. ನಿಮ್ಮ ಕೆಲಸ ಕೆಡಿಸಿಬಿಟ್ಟೆ."

"ನಾನೂ ಓದಿದ್ದೆ ಮಾವ, ನನಗೂ ಕಾಣಲಿಲ್ಲ. ಏನೂ ಕೆಟ್ಟಿಲ್ಲ" ಎಂದು ಅಕ್ಕ ಸ್ಟೂಲು ತಂದಿಟ್ಟಳು. ಫಿಟ್ಟರ್ ಸ್ಟೂಲಿನ ಕಾಲು ಅಲುಗಾಡದಂತೆ ತನ್ನ ಪಾದ ಒತ್ತಿ ಹಿಡಿದ.

ಮಾವ ಕೊನೆಯ ಸಾಲಿನ ಮೇಲೆ ಕೆನೆಬಣ್ಣ ಬಳಿದರು. ಆಮೇಲೆ ಸಣ್ಣ ಬ್ರಷ್ಷನ್ನು ನೀಲಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಟಕಾರದ ನೆತ್ತಿಗೆ ಒಂದು ಗುಡಿಸು ಹಾಕಿದರು. ಕೈ ಒಂದೇ ಎಳೆತಕ್ಕೆ ಸುತ್ತಿ ನಿಂತಿತು. ಮುಟ್ಟಿ.

"ಮೊದಲು ನೀವೇ ಮುಟ್ಟಿ ಮಾವ" ಎಂದಳು ಅಕ್ಕ.

"ನಾನಾ? ಕೈ ತುಂಬ ಬಣ್ಣ."

"ಒರೆಸ್ಕೊಳ್ಳಿ. ಇಲ್ಲಾಂದ್ರೂ ಪರವಾಗಿಲ್ಲ."

ಅವರು ಎರಡೂ ಅಂಗೈಗಳನ್ನು ಅಂಗಿಗೆ ಉಜ್ಜಿಕೊಂಡರು. ಅಕ್ಕ ಕ್ಯಾಮೆರಾ ಎತ್ತಿ ಅವರ ಕೈಯಲ್ಲಿಟ್ಟು, ಅವರ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲೆ ಕೂರಿಸಿದಳು. "ಇದನ್ನ ಒತ್ತಿದ್ರೆ ದೂರದ್ದು ಹತ್ರ ಬರುತ್ತೆ. ಮೆತ್ತಗೆ." ಅವರು ಫ್ರಿಜ್ಜಿಗೆ ಬೆನ್ನು ತಿರುಗಿಸಿ ಮುಂಬಾಗಿಲ ದೊಡ್ಡ ಗಾಜಿನತ್ತ ನಡೆದರು. ತಂತಿ ಸರಸರನೆ ಬಿಚ್ಚಿಕೊಳ್ಳುತ್ತ ಹಿಂದೆ ಹೋಯಿತು. ಟೀವಿಯಲ್ಲಿ ರಸ್ತೆ ಬಂತು, ಎದುರಿನ ಹಳೇ ಕಟ್ಟಡ ಬಂತು, ಅದರ ಮೇಲಂತಸ್ತಿನ ಕಿಟಕಿಯ ಕೆಳಗೆ ಗೋಡೆಯಲ್ಲಿ ಹರಡಿದ್ದ ಕಪ್ಪು ಕಲೆ ಬಂತು. ದಿನಾ ಕಾಣುವ ಕಲೆ. ನೀರು ಇಳಿದು ಪಾಚಿ ಕಟ್ಟಿದ್ದೆಂದು ಎಲ್ಲರೂ ಅಂದುಕೊಂಡಿದ್ದರು.

ಹೆಬ್ಬೆರಳು ಒತ್ತಿತು. ಕಲೆ ಹತ್ತಿರ ಬಂತು. ಇನ್ನೂ ಬಂತು. ಕಲೆಗೆ ಅಂಚು ಮೂಡಿತು, ಅಂಚಿಗೆ ಬಾಗು ಮೂಡಿತು. ಅದು ಛಕಾರ. ಪಕ್ಕದಲ್ಲಿ ಇನ್ನೊಂದು ಅಕ್ಷರ, ಮತ್ತೊಂದು. ಛತ್ರಿಗಳು.

ಫ್ಯಾನಿನ ಕೌಂಟರಿನವಳು ಮಾತು ನಿಲ್ಲಿಸಿದಳು. ಗಿರಾಕಿಗಳು ತಿರುಗಿದರು.

"ನಾನೇ ಬರೆದದ್ದು" ಎಂದರು ಮಾವ. ದನಿ ಎಲ್ಲಿಂದಲೋ ಬಂದ ಹಾಗಿತ್ತು. "ಮದುವೆ ಆದ ವರ್ಷ. ಮೇಲಿಂದ ಹಗ್ಗ ಬಿಟ್ಕೊಂಡು ಬರೆದಿದ್ದೆ. ಅವಳು ಕೆಳಗೆ ನಿಂತು, ಇಳೀರಿ, ಬೇರೆ ಏನಾದ್ರೂ ಮಾಡ್ಕೊಂಡು ಬದುಕೋಣ ಅಂತ ಕೂಗ್ತಿದ್ಲು. ಅಳಿಸಿಹೋಗಿದೆ ಅಂದುಕೊಂಡಿದ್ದೆ."

ಅವರು ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ತಂತಿ ಬಿಗಿಯಾಯಿತು. ಅಕ್ಕ "ಮಾವ" ಎನ್ನುವಷ್ಟರಲ್ಲಿ ಮೇಜು ಕಿರುಚಿತು.

ಆ ಕಿರುಚಾಟ ಅಂಗಡಿಯ ಮೂಲೆಮೂಲೆಗೂ ಹೊಕ್ಕಿತು. ಮುಗಿಯಿತು. ಯಜಮಾನರು ಹೇಳಿದ್ದ ಎರಡನೆಯ ಮಾತೂ ಆಗಿಹೋಯಿತು. ಬಾಗಿಲ ಕಾವಲುಗಾರ ಓಡಿ ಬಂದ. ಮುದುಕರು ಕ್ಯಾಮೆರಾ ಇಳಿಸಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ.

ಥಟ್ಟನೆ ಸದ್ದು ನಿಂತಿತು.

ಅಕ್ಕ ತಿರುಗಿ ನೋಡಿದಳು. ಯಜಮಾನರು ಅವಳ ಹಿಂದೆಯೇ ನಿಂತಿದ್ದರು, ಕೀಲಿಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು. ಅವರು ಅವಳನ್ನು ನೋಡುತ್ತಿರಲಿಲ್ಲ, ಮೇಜನ್ನೂ ನೋಡುತ್ತಿರಲಿಲ್ಲ. ಬಾಯಿ ಅರೆ ತೆರೆದು ಟೀವಿಯನ್ನೇ ನೋಡುತ್ತಿದ್ದರು.

"ಸ್ವಲ್ಪ ಎಡಕ್ಕೆ ಹೋಗಿ ಮಾವ" ಎಂದರು ಅವರು ಮೆಲ್ಲಗೆ. "ಹಾಂ, ಅಲ್ಲೇ. ಆ ಬಾಲದ ಹತ್ರ ಅದೇನು?"

ಫಿಟ್ಟರ್ ಮೇಜಿನ ಒಂದು ತುದಿಗೆ ಕೈ ಹಾಕಿದ. ಯಜಮಾನರು ಕೇಳದೆಯೇ ಇನ್ನೊಂದು ತುದಿ ಹಿಡಿದರು. ಇಬ್ಬರೂ ಮೇಜನ್ನು ಬಾಗಿಲ ಗಾಜಿನ ಹತ್ತಿರಕ್ಕೆ ಸರಿಸಿದರು. ತಂತಿ ಸಡಿಲವಾಯಿತು. ಕಾವಲುಗಾರ ಮುದುಕರ ಮೊಣಕೈ ನಡುಗದಂತೆ ಕೆಳಗಿನಿಂದ ಕೈ ಕೊಟ್ಟ.

ಚಿತ್ರ ನಿಂತಿತು. ಛಕಾರದ ಬಾಲ ತಿರುಗುವ ಕಡೆ, ಬಿರುಕುಬಿಟ್ಟ ಬಣ್ಣದ ನಡುವೆ ಸಣ್ಣ ಕಪ್ಪು ಗೆರೆಯೊಂದು ಅಂಟಿಕೊಂಡಿತ್ತು. ಅರ್ಧ ಗೋಡೆಗೆ ಹತ್ತಿ, ಅರ್ಧ ಗಾಳಿಗೆ ಎದ್ದು. ಬಿಸಿಲಿಗೆ ಅದರ ನೆರಳು ಅದಕ್ಕಿಂತ ಉದ್ದವಾಗಿ ಬಿದ್ದಿತ್ತು.

"ಕೂದಲು" ಎಂದರು ಮಾವ. "ನನ್ನ ಬ್ರಷ್ಷಿನ ಕೂದಲು."

ಎಷ್ಟು ಮಳೆ, ಎಷ್ಟು ಬಿಸಿಲು ಅದರ ಮೇಲೆ ಹಾದುಹೋಗಿತ್ತೋ. ರಸ್ತೆಯಲ್ಲಿ ಗಾಳಿ ಬೀಸಿದಾಗ ಪರದೆಯ ಮೇಲೆ ಅದು ಸಣ್ಣಗೆ ಅಲುಗಾಡಿತು, ಮತ್ತೆ ನಿಂತಿತು. ಮುದುಕರು ತಮ್ಮ ಎಡಗೈಯ ಬೆರಳುಗಳನ್ನು ಗಾಜಿನತ್ತ ಚಾಚಿದರು, ರಸ್ತೆಯಾಚೆಯ ಗೋಡೆ ಅಲ್ಲೇ ಇದ್ದ ಹಾಗೆ.

ಬೆಳಿಗ್ಗೆ ಬೆರಳು ಹಿಂದೆಗೆದ ಹೆಂಗಸು ಮತ್ತೆ ಅಂಗಡಿಗೆ ಬಂದಿದ್ದಳು. ಅವಳು ಅಕ್ಕನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ನಾನೂ ಒಂದು ತಗೊಳ್ಳಲಾ? ಆ ಮೂಲೆ ಮನೆ ನಮ್ಮದು. ತಾರಸಿ ಮೇಲೆ ಅಮ್ಮ ಇರ್ತಾರೆ ಈ ಹೊತ್ತಿಗೆ."

"ತಗೊಳ್ಳಿ" ಎಂದಳು ಅಕ್ಕ.

ಆಮೇಲೆ ಕೈಗಳಿಗೆ ಬಿಡುವಿರಲಿಲ್ಲ. ಟೀವಿಯಲ್ಲಿ ಒಬ್ಬರ ಅಮ್ಮ ಬಟ್ಟೆ ಹಿಂಡಿದರು, ಒಂದು ಕಾಗೆ ಕೊಕ್ಕು ತೆರೆದು ಸುಮ್ಮನೆ ಕೂತಿತು, ಯಾರದೋ ಕಿಟಕಿಯ ಕುಂಡದಲ್ಲಿ ಹೆಸರು ಗೊತ್ತಿಲ್ಲದ ಹೂವು ಅರ್ಧ ಬಿರಿದಿತ್ತು. ಪ್ರತಿ ಸಲವೂ ಜನ ಮೊದಲ ಸಲ ನೋಡುವವರಂತೆ ಟೀವಿಯತ್ತ ಬಾಗುತ್ತಿದ್ದರು. ಕ್ಯಾಮೆರಾಗಳ ಮೈಮೇಲೆಲ್ಲ ಬೆರಳ ಗುರುತು ಬಿತ್ತು. ಯಾರ ಕರ್ಚೀಫೂ ಹೊರಗೆ ಬರಲಿಲ್ಲ. ಬೋರ್ಡ್ ಮಾವ ಸ್ಟೂಲಿನ ಮೇಲೆ ಕೂತು, ತಮ್ಮ ಬರಿಗಣ್ಣಿಗೆ ಕಾಣದ ಆ ಗೋಡೆಯ ಕಡೆಗೇ ಮುಖ ಮಾಡಿದ್ದರು. ಫಿಟ್ಟರ್ ತನ್ನ ಟೀಯನ್ನು ಅವರ ಕೈಗಿಟ್ಟು ಮತ್ತೆ ಮೇಜಿನ ಕೆಳಗೆ ನುಗ್ಗಿದ, ತಂತಿಗಳಿಗೆ ಇನ್ನೊಂದು ತುಂಡು ಸೇರಿಸಲು.

ಎಲ್ಲರೂ ಊಟ ಮುಗಿಸಿ ಬಂದಿದ್ದರು. ಅಕ್ಕ ನಿಂತೇ ಇದ್ದಳು. ಒಬ್ಬ ಅಜ್ಜನಿಗೆ ಗುಂಡಿ ತೋರಿಸುತ್ತಿದ್ದಾಗ ಯಾರೋ ಪಕ್ಕಕ್ಕೆ ಬಂದ ಹಾಗಾಯಿತು. ಯಜಮಾನರು. ಕೈಯಲ್ಲಿ ಅವರ ಮನೆಯಿಂದ ಬಂದ ಊಟದ ಡಬ್ಬಿ.

"ಇಲ್ಲಿ ನಾನು ನಿಂತಿರ್ತೀನಿ" ಎಂದು ಅವರು ಅಜ್ಜನ ಕೈಯಿಂದ ದೃಷ್ಟಿ ಕೀಳದೆಯೇ ಡಬ್ಬಿಯನ್ನು ಅವಳತ್ತ ಚಾಚಿದರು. ಸುತ್ತಿದ್ದ ಬಟ್ಟೆಯ ಗಂಟನ್ನು ಅವರೇ ಮೊದಲೇ ಬಿಚ್ಚಿಟ್ಟಿದ್ದರು.